ಹಗ್ಗ ಎಲ್ಲಿ ಕೂತಿದೆ? ಅಪ್ಪೆಮರದಲ್ಲಿ ನನ್ನ ಅನುಭವ

ನಮ್ಮದು ಶಿರಸಿ ಕಡೆಯ ಹಳ್ಳಿ. ತೋಟದ ಕೆಳಗೆ ಹೊಳೆ, ಹೊಳೆದಂಡೆಯಲ್ಲಿ ಮೂರು ಅಪ್ಪೆಮರ, ಅಂದರೆ ಉಪ್ಪಿನಕಾಯಿಗೆ ಮಿಡಿ ಕೊಯ್ಯುವ ಪರಿಮಳದ ಮಾವು. ಅದರಲ್ಲೊಂದು ಜೀರಿಗೆ ಪರಿಮಳದ್ದು. ತೊಟ್ಟು ಮುರಿದರೆ ಸೊನೆಯ ಘಮ ಎರಡು ದಿನ ಕೈಬಿಟ್ಟು ಹೋಗುವುದಿಲ್ಲ.

ಅಪ್ಪೆಮಿಡಿ ನೆಲಕ್ಕೆ ಬಿದ್ದರೆ ಮುಗಿಯಿತು. ಪೆಟ್ಟಾದ ಮಿಡಿ ಭರಣಿಯಲ್ಲಿ ಮೆತ್ತಗಾಗಿ ಉಳಿದದ್ದನ್ನೂ ಕೆಡಿಸುತ್ತದೆ. ತೊಟ್ಟಿನ ಸಮೇತ ಕೈಯಲ್ಲೇ ಕೊಯ್ದು ಚೀಲದಲ್ಲಿ ಇಳಿಸಬೇಕು. ಮರವೋ ಎಪ್ಪತ್ತು ಎಂಬತ್ತು ಅಡಿ. ಅಷ್ಟು ಎತ್ತರ ಹತ್ತಲಾಗದೆ ಕೆಲವು ಕಡೆ ಕೊಂಬೆಯನ್ನೇ ಕಡಿದು ಕೆಡವುತ್ತಾರೆ. ಅದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ನಮ್ಮೂರಲ್ಲಿ ಮಿಡಿ ಕೊಯ್ಯುತ್ತಿದ್ದವರೊಬ್ಬರು ಕೊಂಬೆ ಸಮೇತ ಬಿದ್ದು ಸೊಂಟ ಮುರಿದುಕೊಂಡರು. ಮೂವತ್ತು ವರ್ಷ ಮರ ಹತ್ತಿದವರು. ಅವರಿಗೆ ಮರ ಗೊತ್ತಿರಲಿಲ್ಲ ಅಂತ ಯಾರೂ ಹೇಳುವಂತಿಲ್ಲ. ಕೊಂಬೆ ಮುರಿದಾಗ ಅವರನ್ನು ಹಿಡಿಯಲು ಏನೂ ಇರಲಿಲ್ಲ, ಅಷ್ಟೇ. ಅವರನ್ನು ಆಸ್ಪತ್ರೆಯಲ್ಲಿ ನೋಡಿ ಬಂದ ಮೇಲೆ ನಾನು ಹಗ್ಗದ ಕೆಲಸ ಕಲಿಯಲು ಶುರು ಮಾಡಿದೆ. ರಾಮನಗರದ ಬಂಡೆಗಳನ್ನು ಹತ್ತುವ ಗೆಳೆಯನೊಬ್ಬನಿದ್ದ. ಗಂಟುಗಳನ್ನೆಲ್ಲ ಅವನೇ ಕಲಿಸಿದ. ಆದರೆ ಬಂಡೆ ಬೇರೆ, ಮರ ಬೇರೆ. ಬಂಡೆಗೆ ಒಳಗಿನಿಂದ ಹುಳ ಹಿಡಿಯುವುದಿಲ್ಲ ಅಲ್ವಾ?

ಹಗ್ಗದ ವಿಷಯ ಮೊದಲು ಹೇಳಿಬಿಡುತ್ತೇನೆ. ಮನೆಯಲ್ಲಿ ತೆಂಗಿನ ನಾರಿನ ಮಿಣಿ ಇತ್ತು, ಅಂಗಡಿಯಲ್ಲಿ ಸಿಗುವ ಹಳದಿ ಪ್ಲಾಸ್ಟಿಕ್ ಹಗ್ಗವೂ ಇತ್ತು. ಎರಡಕ್ಕೂ ಎಷ್ಟು ಭಾರ ತಡೆಯುತ್ತದೆ ಅಂತ ಬರೆದಿರುವುದಿಲ್ಲ. ಹಳದಿ ಹಗ್ಗ ಬಿಸಿಲಿಗೆ ಒಣಗಿ ಪುಡಿಯಾಗುತ್ತದೆ, ಗಂಟು ಜಾರುತ್ತದೆ. ಅವುಗಳಲ್ಲಿ ಚೀಲ ಇಳಿಸಬಹುದು, ಮನುಷ್ಯ ಜೋತು ಬೀಳಬಾರದು. ನಾನು ತರಿಸಿದ್ದು 11 ಮಿಲಿಮೀಟರ್ ದಪ್ಪದ, ಕಮ್ಮಿ ಹಿಗ್ಗುವ ಸ್ಟ್ಯಾಟಿಕ್ ಹಗ್ಗ, 60 ಮೀಟರ್. ಒಳಗೆ ಎಳೆಗಳ ತಿರುಳು, ಹೊರಗೆ ಹೆಣೆದ ಕವಚ. ಈ ಜಾತಿಯ ಹಗ್ಗಕ್ಕೆ ಯುರೋಪಿನ ಮಾನದಂಡದಲ್ಲಿ ಕನಿಷ್ಠ 22 ಕಿಲೋನ್ಯೂಟನ್ ಬಲ ಇರಬೇಕು. ಒಂದು ಕಿಲೋನ್ಯೂಟನ್ ಅಂದರೆ ಸುಮಾರು ನೂರು ಕೆಜಿ ಭಾರ ಅಂತ ಲೆಕ್ಕ ಇಟ್ಟುಕೊಳ್ಳಿ. ನನ್ನ ತೂಕ ಸಾಮಾನು ಸೇರಿ 78 ಕೆಜಿ. ಇಷ್ಟಕ್ಕೆ 2200 ಕೆಜಿ ಯಾಕೆ ಅಂತ ಭಾವ ಕೇಳಿದ್ದರು. ಗಂಟು ಹಾಕಿದ ಕೂಡಲೇ ಕಾಲು ಭಾಗಕ್ಕಿಂತ ಜಾಸ್ತಿ ಬಲ ಹೋಗಬಹುದು. ಒದ್ದೆಯಾದರೆ ನೈಲಾನ್ ಇನ್ನಷ್ಟು ಸೋಲುತ್ತದೆ. ಜರ್ಕ್ ಬಿದ್ದರೆ 78 ಕೆಜಿ ಮನುಷ್ಯನೇ ಹಲವು ಪಟ್ಟು ಭಾರವಾಗುತ್ತಾನೆ. ಆ ಉಳಿಕೆ ಎಲ್ಲ ಅದಕ್ಕೇ.

ಇಷ್ಟೆಲ್ಲ ಗಟ್ಟಿ ಹಗ್ಗ ಕೊನೆಗೆ ಕೂರುವುದು ಒಂದು ಕವಲಿನ ಮೇಲೆ. ಆ ಕವಲೇ ಆಂಕರ್, ಎಲ್ಲ ಭಾರ ಹೊರುವ ಜಾಗ. ಅದನ್ನು ಆರಿಸಲು ನಾನು ಅರ್ಧ ಗಂಟೆಗಿಂತ ಜಾಸ್ತಿ ಹೊತ್ತು ಕಳೆಯುತ್ತೇನೆ.

ಮೊದಲು ಬುಡದಿಂದ ನೋಡುತ್ತೇನೆ. ಬೇರಿನ ಹತ್ತಿರ ಅಣಬೆ ಎದ್ದಿದ್ದರೆ ಒಳಗೆ ಕೊಳೆತಿರುವ ಸಾಧ್ಯತೆ ದೊಡ್ಡದು. ಕತ್ತಿಯ ಹಿಂಬದಿಯಿಂದ ಕಾಂಡಕ್ಕೆ ಸುತ್ತಲೂ ಬಡಿಯುತ್ತೇನೆ. ಗಟ್ಟಿ ಮರದ ಸದ್ದು ಚಿಕ್ಕದು, ಒತ್ತಾದದ್ದು. ಟೊಳ್ಳು ಮರ ಡೋಲಿನ ಹಾಗೆ ಸದ್ದು ಮಾಡುತ್ತದೆ. ಮಾವಿನ ಮರಕ್ಕೆ ಕಾಂಡಕೊರಕದ ಕಾಟ ಇರುತ್ತದೆ. ತೊಗಟೆಯ ತೂತಿನಿಂದ ಮರದ ಹೊಟ್ಟು ಉದುರಿ ಕೆಳಗೆ ಬಿದ್ದಿರುತ್ತದೆ, ಅದನ್ನು ಹುಡುಕುತ್ತೇನೆ. ಆಮೇಲೆ ದುರ್ಬೀನು ಹಿಡಿದು ಮೇಲೆ ನೋಡುವುದು. ಬಂದಳಿಕೆ ಹಿಡಿದ ಕೊಂಬೆ, ಎಲೆ ಇಲ್ಲದ ಕೊಂಬೆ, ಪೊಟರೆ ಇರುವ ಕೊಂಬೆ ಯಾವುದೂ ಬೇಡ. ಹೆಜ್ಜೇನು ಕಂಡರೆ ಆ ದಿನ ವಾಪಸ್. ಹತ್ತಿರದಲ್ಲಿ ಕರೆಂಟ್ ಲೈನ್ ಹೋಗಿದ್ದರೆ ಆ ಮರಕ್ಕೆ ಹಗ್ಗ ಎಸೆಯುವುದೇ ಇಲ್ಲ.

ಕವಲಿನ ಆಕಾರ ನನಗೆ ತುಂಬಾ ಮುಖ್ಯ. ತೋಳು ಚಾಚಿದ ಹಾಗೆ ಅಗಲವಾಗಿ ಹೊರಟ ಕೊಂಬೆ ಒಳ್ಳೆಯದು. ಇಕ್ಕಳದ ಹಾಗೆ ಕಿರಿದಾಗಿ ಸೇರಿದ ಕವಲು ಬೇಡ. ಅಂಥ ಕಡೆ ಎರಡು ಕೊಂಬೆಗಳ ನಡುವೆ ತೊಗಟೆ ಸಿಕ್ಕಿಕೊಂಡು, ಮರಕ್ಕೆ ಮರ ಬೆಸೆದಿರುವುದಿಲ್ಲ. ಹೊರಗಿನಿಂದ ದಪ್ಪ ಕಾಣುತ್ತದೆ, ಒಳಗೆ ಸೀಳು. ಹಗ್ಗವೂ ಅಲ್ಲಿ ಕಚ್ಚಿ ಕೂರುತ್ತದೆ. ಕೊಂಬೆಯ ದಪ್ಪ ಕನಿಷ್ಠ ನಾಲ್ಕು ಇಂಚು ಇರಬೇಕು ಅನ್ನುತ್ತಾರೆ. ನನಗೆ ಆರು ಇಂಚಾದರೆ ಸಮಾಧಾನ. ಹಗ್ಗ ಕೊಂಬೆಯ ಮಧ್ಯದಲ್ಲಿ ಬೇಡ, ಕಾಂಡಕ್ಕೆ ಒತ್ತಿಯೇ ಕೂರಬೇಕು. ಇದು ಮಾವಿನ ಲೆಕ್ಕ. ನೇರಳೆಯ ಕೊಂಬೆ ನಗುನಗುತ್ತಲೇ ಮುರಿಯುತ್ತದೆ, ನುಗ್ಗೆಯಂತೂ ಕೇಳುವುದೇ ಬೇಡ.

ಇನ್ನು ಹಗ್ಗ ಮೇಲೆ ಹೋಗುವುದು ಹೇಗೆ? ಕ್ಯಾನ್ವಾಸ್ ಬಟ್ಟೆಯ ಸಣ್ಣ ಚೀಲ ಹೊಲಿದು, ಒಳಗೆ ಮೀನುಬಲೆಗೆ ಕಟ್ಟುವ ಸೀಸದ ಗುಂಡು ತುಂಬಿಸಿದ್ದೇನೆ, ಸುಮಾರು 350 ಗ್ರಾಂ. ಅದಕ್ಕೆ ಎರಡು ಮಿಲಿಮೀಟರಿನ ನುಣುಪಾದ ದಾರ. ಎರಡು ಕಾಲಿನ ನಡುವೆ ತೂಗಿ ತೂಗಿ ಮೇಲಕ್ಕೆ ಬಿಡುವುದು. ಮೊದಲ ವರ್ಷ ನಲವತ್ತು ಸಲ ಎಸೆದರೂ ಬೀಳುತ್ತಿರಲಿಲ್ಲ. ಈಗ ಏಳೆಂಟು ಮಾರು ಎತ್ತರಕ್ಕೆ ಆರೇಳು ಎಸೆತದಲ್ಲಿ ಕೂರುತ್ತದೆ.

ಎಸೆದ ದಾರ ಬೇಕಾದ ಕವಲಿನ ಮೇಲೆ ಮಾತ್ರ ಇರಬೇಕು. ಅಕ್ಕಪಕ್ಕದ ಟಿಸಿಲಿನ ಮೇಲೆ ಕೂರಬಾರದು. ಇದನ್ನು ನಾನು ಕಲಿತದ್ದು ಬಿದ್ದು.

ಎರಡನೇ ವರ್ಷದ ಮಾತು. ಮಾರ್ಚ್ ತಿಂಗಳು, ಮಿಡಿ ಬಲಿಯಲು ಶುರುವಾಗಿತ್ತು, ಎರಡು ದಿನ ತಡವಾದರೆ ಗೊರಟು ಗಟ್ಟಿಯಾಗುತ್ತದೆ ಅನ್ನುವ ಅವಸರ. ದಾರ ಕವಲಿನಲ್ಲಿ ಕೂತ ಹಾಗೆ ಕಂಡಿತು. ಕೈಯಲ್ಲಿ ಜಗ್ಗಿ ನೋಡಿದೆ, ಗಟ್ಟಿ ಅನ್ನಿಸಿತು. ಹಗ್ಗ ಏರಿಸಿ, ಕಟ್ಟಿ, ಹತ್ತಲು ಶುರು ಮಾಡಿದೆ. ಒಂದಾಳೆತ್ತರ ಹೋಗಿದ್ದೆನೋ ಏನೋ, ಮೇಲೆ ಚಟ್ ಅಂತು. ಮರುಕ್ಷಣ ನಾನು ನೆಲದ ಮೇಲೆ ಕುಂಡೆ ಊರಿ ಕೂತಿದ್ದೆ. ಹಗ್ಗ ದೊಡ್ಡ ಕವಲಿನಲ್ಲಿ ಇರಲೇ ಇಲ್ಲ. ಅದರ ಮೇಲಿದ್ದ ಹೆಬ್ಬೆರಳು ದಪ್ಪದ ಟಿಸಿಲು ಅದನ್ನು ಹೊತ್ತುಕೊಂಡಿತ್ತು. ಟಿಸಿಲು ಮುರಿದು ಹಗ್ಗ ಮೂರು ಅಡಿ ಜಾರಿ ಸರಿಯಾದ ಕವಲಿಗೆ ಬಂದು ಕೂತಿತ್ತು. ಮೇಲೆ ಮೂರು ಅಡಿ ಜಾರಿದರೆ ಕೆಳಗೆ ನಾನು ಆರು ಅಡಿ ಬರುತ್ತೇನೆ. ಹಗ್ಗದ ಇನ್ನೊಂದು ತುದಿ ಬುಡಕ್ಕೆ ಕಟ್ಟಿರುವುದರಿಂದ ಎರಡೂ ಕಡೆ ಸಡಿಲ ಸಿಕ್ಕಿ ನನ್ನ ಪಾಲಿಗೆ ದುಪ್ಪಟ್ಟಾಗುತ್ತದೆ. ಬೆನ್ನಿನ ತುದಿಮೂಳೆ ಮೂರು ವಾರ ನೋಯಿತು. ಇದೇ ನಲವತ್ತು ಅಡಿ ಎತ್ತರದಲ್ಲಿ ಆಗಿದ್ದರೆ ಅಂತ ಎಷ್ಟೋ ರಾತ್ರಿ ಯೋಚಿಸಿದ್ದೇನೆ.

ಆವತ್ತಿನಿಂದ ಹೀಗೆ ಮಾಡುತ್ತೇನೆ. ದಾರ ಬಿದ್ದ ಮೇಲೆ ಗುಂಡನ್ನು ಮೆಲ್ಲಗೆ ಮೇಲಕ್ಕೆ ಎಳೆದು, ಕೊಂಬೆಯ ಹತ್ತಿರ ತೂಗಾಡಿಸಿ, ಟಿಸಿಲಿನ ಆಚೆಗೆ ಇಳಿಸುತ್ತೇನೆ. ಬೇಕಾದರೆ ದಾರದ ಇನ್ನೊಂದು ತುದಿಗೆ ಗುಂಡು ಕಟ್ಟಿ ಆ ಕಡೆಯಿಂದಲೂ ಹೀಗೇ ಮಾಡುತ್ತೇನೆ. ಮರದ ಸುತ್ತ ನಾಲ್ಕು ಕಡೆ ನಿಂತು ದುರ್ಬೀನಿನಲ್ಲಿ ದಾರವನ್ನು ಮೇಲಿನಿಂದ ಕೆಳಗಿನವರೆಗೆ ಕಣ್ಣಲ್ಲೇ ಸವರುತ್ತೇನೆ. ಒಂದು ಕಡೆಯಿಂದ ಸರಿ ಕಂಡದ್ದು ಇನ್ನೊಂದು ಕಡೆಯಿಂದ ಸುಳ್ಳಾಗುತ್ತದೆ. ಸರಿ ಅನ್ನಿಸಿದ ಮೇಲೆ ಹಗ್ಗದ ತುದಿಗೆ ದಾರವನ್ನು ಮೂರು ನಾಲ್ಕು ಸುತ್ತು ಕುಣಿಕೆ ಹಾಕಿ ಬಿಗಿದು, ತುದಿ ಚೂಪಾಗುವ ಹಾಗೆ ಟೇಪ್ ಸುತ್ತಿ ಎಳೆಯುವುದು.

ಹಗ್ಗ ಕಟ್ಟುವುದರಲ್ಲೂ ಎರಡು ದಾರಿ ಇವೆ. ಹಗ್ಗದ ತುದಿಯಲ್ಲಿ ಕುಣಿಕೆ ಮಾಡಿ, ಅದರೊಳಗೆ ಹಗ್ಗ ತೂರಿಸಿ ಎಳೆದರೆ ಮೇಲಿನ ಕೊಂಬೆಗೇ ಬಿಗಿದುಕೊಳ್ಳುತ್ತದೆ. ಆಗ ಕೊಂಬೆಯ ಮೇಲೆ ನನ್ನ ಭಾರ ಮಾತ್ರ, 78 ಕೆಜಿ. ಇನ್ನೊಂದು ದಾರಿಯಲ್ಲಿ ಹಗ್ಗ ಕೊಂಬೆಯ ಮೇಲಿಂದ ಹಾದು ಕೆಳಗೆ ಬಂದು ಬುಡಕ್ಕೆ ಕಟ್ಟಿರುತ್ತದೆ. ಬಾವಿಯ ಗಡಗಡೆಯ ಹಾಗೆ ಅಂದುಕೊಳ್ಳಿ. ಒಂದು ಕಡೆ ನಾನು ಎಳೆಯುತ್ತೇನೆ, ಇನ್ನೊಂದು ಕಡೆ ಬುಡ ಅಷ್ಟೇ ಎಳೆಯುತ್ತದೆ. ಕೊಂಬೆಗೆ ಹೆಚ್ಚುಕಮ್ಮಿ 150 ಕೆಜಿ ಬೀಳುತ್ತದೆ. ತೊಗಟೆಯ ಉಜ್ಜಾಟದಿಂದ ಸ್ವಲ್ಪ ಕಮ್ಮಿ ಆಗಬಹುದು, ಆದರೆ ನಾನು ಪೂರ್ತಿ ದುಪ್ಪಟ್ಟೇ ಲೆಕ್ಕ ಹಿಡಿಯುತ್ತೇನೆ.

ಕೊಂಬೆಗೆ ದುಪ್ಪಟ್ಟು ಭಾರ ಬಿದ್ದರೂ ನಾನು ಬುಡಕ್ಕೇ ಕಟ್ಟುತ್ತೇನೆ. ಕಾರಣ ಒಂದೇ. ನನಗೆ ಮೇಲೆ ಏನಾದರೂ ಆದರೆ ಭಾವ ಕೆಳಗಿನಿಂದಲೇ ನನ್ನನ್ನು ಇಳಿಸಬಹುದು. ತಲೆ ತಿರುಗಬಹುದು, ಜೇನು ಕಚ್ಚಬಹುದು, ಕತ್ತಿ ತಾಗಬಹುದು. ಸೊಂಟ ತೊಡೆಗೆ ಬಿಗಿಯುವ ಪಟ್ಟಿಯ ಹಾರ್ನೆಸ್‌ನಲ್ಲಿ ಅಲುಗಾಡದೆ ಜೋತುಬಿದ್ದ ಮನುಷ್ಯನಿಗೆ ಕಾಲಿನಿಂದ ರಕ್ತ ಸರಿಯಾಗಿ ವಾಪಸ್ ಬರುವುದಿಲ್ಲ, ಕೆಲವೇ ನಿಮಿಷದಲ್ಲಿ ಜೀವಕ್ಕೇ ಅಪಾಯ ಆಗಬಹುದು. ನಮ್ಮ ಹಳ್ಳಿಗೆ ಆಂಬುಲೆನ್ಸ್ ಬರುವವರೆಗೆ ಕಾಯುವ ಮಾತೇ ಇಲ್ಲ. ಹಾಗಾಗಿ ಬುಡದಲ್ಲಿ ಗಂಟು ಹಾಕಿ ಬಿಡುವುದಿಲ್ಲ. ಕಾಂಡಕ್ಕೆ ಅಗಲ ಪಟ್ಟಿ ಸುತ್ತಿ, ಅದಕ್ಕೆ ಲಾಕ್ ಇರುವ ಲೋಹದ ಕೊಂಡಿ (ಕ್ಯಾರಬೀನರ್), ಅದಕ್ಕೆ ಹಗ್ಗವನ್ನು ತಡೆದು ನಿಧಾನ ಬಿಡುವ ಎಂಟರ ಆಕಾರದ ಡಿಸೆಂಡರ್. ಹಗ್ಗ ಅದರ ಮೂಲಕ ಹಾದು, ಜಾರದ ಹಾಗೆ ಬಿಗಿದು, ಹಿಂದೆ ಇನ್ನೊಂದು ಗಂಟು. ಬಿಚ್ಚಿದರೆ ಹಗ್ಗ ನಿಧಾನ ಸರಿಯುತ್ತದೆ, ನಾನು ಇಳಿಯುತ್ತೇನೆ. ಇದಕ್ಕೆ ಉಳಿದ ಹಗ್ಗ ಸಾಕಷ್ಟು ಉದ್ದ ಇರಬೇಕು. ಆಂಕರ್ 15 ಮೀಟರ್ ಎತ್ತರದಲ್ಲಿದ್ದರೆ ಮೇಲೆ ಹೋಗಲು 15, ಕೆಳಗೆ ಬರಲು 15, ನನ್ನನ್ನು ಇಳಿಸಲು ಇನ್ನೂ 15. ಒಟ್ಟು 45 ಮೀಟರ್. ಅದಕ್ಕೇ 60 ಮೀಟರ್ ತರಿಸಿದ್ದು. ಆ ಉಳಿಕೆ ಹಗ್ಗದ ತುದಿಗೂ ಒಂದು ಗಂಟು ಇರಲೇಬೇಕು.

ಪ್ರತಿ ವರ್ಷ ಮಿಡಿ ಕೊಯ್ಯುವ ಮೊದಲು ಇದನ್ನು ಒಮ್ಮೆ ಆಡಿ ನೋಡುತ್ತೇವೆ. ನಾನು ಹತ್ತಡಿ ಮೇಲೆ ಹೋಗಿ ಸುಮ್ನೆ ಜೋತುಬೀಳುತ್ತೇನೆ, ಭಾವ ಇಳಿಸುತ್ತಾರೆ. ಮೊದಲ ಸಲ ಅವರ ಕೈ ನಡುಗಿತ್ತು. ಈಗ ಅಕ್ಕನೂ ಕಲಿತಿದ್ದಾಳೆ.

ಬುಡದ ಹಗ್ಗಕ್ಕೆ ಇನ್ನೊಂದು ಅಪಾಯ ಇದೆ. ಒಮ್ಮೆ ನಾನು ಮೇಲಿದ್ದಾಗ ಭಾವ ನೀರು ಕುಡಿಯಲು ಹೊಳೆಗೆ ಇಳಿದಿದ್ದರು. ದನ ಹೊಡೆದುಕೊಂಡು ಬಂದ ಅಜ್ಜ ಒಬ್ಬರು ಹಗ್ಗದ ಹತ್ತಿರ ನಿಂತು ಬಿಗಿದದ್ದನ್ನು ಬೆರಳಲ್ಲಿ ಮುಟ್ಟಿ ನೋಡುತ್ತಿದ್ದರು. ಯಾರದ್ದೋ ದನದ ಹಗ್ಗ ಮರಕ್ಕೆ ಸಿಕ್ಕಿಕೊಂಡಿದೆ ಅಂದುಕೊಂಡಿದ್ದರಂತೆ. ನಾನು ಮೇಲಿಂದ, "ಅಜ್ಜಾ, ಮುಟ್ಟಬೇಡಿ, ಅದರಲ್ಲಿ ನಾನಿದ್ದೇನೆ!" ಅಂತ ಕೂಗಿದೆ. ಅವರು ಬೆಚ್ಚಿ ಮೇಲೆ ನೋಡಿ, "ಅಯ್ಯೋ ತಮ್ಮಾ, ಅಲ್ಲಿ ಹೇಗೆ ಹೋದೆ?" ಅಂದರು. ಈಗ ಬುಡಕ್ಕೆ ಕೆಂಪು ಬಟ್ಟೆ ಕಟ್ಟುತ್ತೇವೆ, ಹಗ್ಗದ ಹತ್ತಿರ ಒಬ್ಬರು ಇದ್ದೇ ಇರುತ್ತಾರೆ. ಕತ್ತಿ, ಗರಗಸ ಏನೂ ಆ ಬುಡದ ಹತ್ತಿರ ಬರುವ ಹಾಗಿಲ್ಲ.

ಕಟ್ಟಿದ ಮೇಲೆ ಪರೀಕ್ಷೆ. ನಾನು ಹತ್ತುವ ಬದಿಯ ಹಗ್ಗಕ್ಕೆ ನಾನು ಮತ್ತು ಭಾವ ಇಬ್ಬರೂ ಒಟ್ಟಿಗೆ ಜೋತುಬೀಳುತ್ತೇವೆ. ಮೊದಲು ಮೆಲ್ಲಗೆ, ಆಮೇಲೆ ಮೊಣಕಾಲು ಮಡಚಿ ನಾಲ್ಕೈದು ಸಲ ಕುಪ್ಪಳಿಸುವುದು. ಕೊಂಬೆಯ ನೇರ ಕೆಳಗೆ ನಿಲ್ಲದೆ ಸ್ವಲ್ಪ ಹೊರಗೆ, ತಲೆಗೆ ಹೆಲ್ಮೆಟ್. ಮೂರನೆಯವರು ದೂರದಿಂದ ಕೊಂಬೆ ನೋಡುತ್ತಿರಬೇಕು. ನೇರ ಹತ್ತುವಾಗ ಬೀಳುವ ಭಾರದ ಎರಡರಷ್ಟು ಆಗಲೇ, ನಾವು ನೆಲದಲ್ಲಿ ಇರುವಾಗಲೇ, ಬಿದ್ದಿರುತ್ತದೆ. ಹೋದ ವರ್ಷ ಹೀಗೆ ಕುಪ್ಪಳಿಸುವಾಗ ಕರ್ ಅಂತ ಒಂದು ಸಣ್ಣ ಸದ್ದು ಬಂತು. ಕೊಂಬೆ ಏನೂ ಆಗದ ಹಾಗೆ ನಿಂತಿತ್ತು. ಭಾವ, "ಎಲೆ ಉಜ್ಜಿದ್ದು ಇರಬೇಕು" ಅಂದರು. ನಾನು ಹಗ್ಗ ಇಳಿಸಿದೆ. ಬೇರೆ ಕವಲು ಹಿಡಿಯಲು ಒಂದೂವರೆ ಗಂಟೆ ಹೋಯಿತು. ಆ ಮಳೆಗಾಲದಲ್ಲಿ ಮೊದಲಿನ ಕೊಂಬೆ ಬುಡದಲ್ಲೇ ಸೀಳಿ ಹೊಳೆಗೆ ಬಿತ್ತು.

ಹತ್ತುವುದು ಹಗ್ಗ ಕಚ್ಚಿಕೊಂಡು ಮೇಲಕ್ಕೆ ಮಾತ್ರ ಸರಿಯುವ ಹಿಡಿಕೆಯಾದ ಜುಮಾರ್‌ನಲ್ಲಿ, ಅದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಹಗ್ಗ ಗಟ್ಟಿ ಕೂತರೆ ಹತ್ತುವುದು ಬರೀ ಬೆವರಿನ ಕೆಲಸ. ಮೇಲೆ ಹೋದ ಕೂಡಲೇ ಆಂಕರ್ ಕವಲನ್ನು ಕಣ್ಣಾರೆ ನೋಡುತ್ತೇನೆ, ಕೈಯಲ್ಲಿ ತೊಗಟೆ ಸವರುತ್ತೇನೆ. ಕಾಂಡಕ್ಕೆ ಸುತ್ತಿದ ಗಿಡ್ಡ ಹಗ್ಗ, ಲ್ಯಾನ್ಯಾರ್ಡ್, ಎರಡನೇ ಆಸರೆ. ಕತ್ತಿ ಕೈಗೆ ಬರುವುದು ಅದು ಕಟ್ಟಿದ ಮೇಲೆ ಮಾತ್ರ. ಆಂಕರ್‌ಗಿಂತ ಮೇಲೆ ಒಂದಡಿಯೂ ಹೋಗುವುದಿಲ್ಲ. ಸ್ಟ್ಯಾಟಿಕ್ ಹಗ್ಗ ಹೆಚ್ಚು ಹಿಗ್ಗುವುದಿಲ್ಲ, ಮೇಲಿಂದ ಬಿದ್ದರೆ ಆ ಜರ್ಕ್ ಪೂರ್ತಿ ಬೆನ್ನುಮೂಳೆಗೆ. ಕೊಂಬೆಯ ತುದಿಗೂ ಒಂದು ಮಿತಿ ಇಟ್ಟುಕೊಂಡಿದ್ದೇನೆ. ಬಹಳ ದೂರ ಹೋಗಿ ಕಾಲು ಜಾರಿದರೆ ಉಯ್ಯಾಲೆಯ ಹಾಗೆ ತೂಗಿ ಬಂದು ಕಾಂಡಕ್ಕೆ ಅಪ್ಪಳಿಸುತ್ತೇನೆ. ತುದಿಯ ಮಿಡಿ ಉದ್ದ ಕೋಲಿನ ಕೊಕ್ಕೆಗೆ ಸಿಕ್ಕಷ್ಟು ಸಿಗಲಿ. ಉಳಿದದ್ದು ಮಂಗನಿಗೂ ಹಕ್ಕಿಗೂ ಇರಲಿ. ಚಗಳಿ ಇರುವೆ ಕಚ್ಚುವುದಕ್ಕೆ ಮಾತ್ರ ನನ್ನ ಹತ್ತಿರ ಇನ್ನೂ ಉಪಾಯ ಇಲ್ಲ. ತುಂಬು ತೋಳಿನ ಅಂಗಿ ಹಾಕುತ್ತೇನೆ, ಕಚ್ಚಿಸಿಕೊಳ್ಳುತ್ತೇನೆ.

ಸಂಜೆ ಮನೆಗೆ ಬಂದ ಮೇಲೆ ಅಕ್ಕ ಮಿಡಿ ತೊಳೆದು ಉಪ್ಪಿಗೆ ಹಾಕುತ್ತಾಳೆ, ನಾನು ಜಗಲಿಯಲ್ಲಿ ಹಗ್ಗ ನೋಡುತ್ತೇನೆ. ಸೊನೆ ತಾಗಿದ ಕಡೆ ತಣ್ಣೀರಲ್ಲಿ ತೊಳೆದು ನೆರಳಲ್ಲಿ ಒಣಗಿಸುವುದು. ಆಮೇಲೆ 60 ಮೀಟರನ್ನೂ ಬೆರಳುಗಳ ನಡುವೆ ಹಾಯಿಸುವುದು, ಗೇಣು ಗೇಣಿಗೆ ಬಗ್ಗಿಸಿ ನೋಡುತ್ತ. ಒಳ್ಳೆಯ ಹಗ್ಗ ಬಗ್ಗಿಸಿದಾಗ ದುಂಡಗೆ ತಿರುಗುತ್ತದೆ. ಈ ವರ್ಷ ಒಂದು ತುದಿಯಿಂದ ಐದು ಮೀಟರ್ ಒಳಗೆ ಒಂದು ಕಡೆ ಅದು ಚಪ್ಪಟೆಯಾಗಿ ಮಡಚಿಕೊಂಡಿತು. ಹೊರಗಿನ ಕವಚ ಸರಿಯಾಗೇ ಇತ್ತು, ಒಳಗಿನ ತಿರುಳು ಸತ್ತಿತ್ತು. ಅಲ್ಲಿಂದ ಇನ್ನೊಂದು ಮೀಟರ್ ಒಳಗೆ ಕತ್ತರಿಸಿದೆ. ಉಳಿದದ್ದು 54 ಮೀಟರ್ ಅಂತ ಹಗ್ಗದ ಚೀಲದ ಮೇಲೆ ಹೊಸದಾಗಿ ಬರೆದೆ. ತೆಗೆದ ಆರು ಮೀಟರನ್ನು, ಯಾರೂ ಮರ ಹತ್ತಲು ಒಯ್ಯದ ಹಾಗೆ, ಒಂದೊಂದು ಮೊಳದ ತುಂಡು ಮಾಡಿ ಕೊಟ್ಟಿಗೆಯ ಮೊಳೆಗೆ ನೇತುಹಾಕಿದ್ದೇನೆ.