ಟಿವಿ, ಫೋನ್, ಇಂಟರ್ನೆಟ್: ಮನೆ ಬದಲಿಸುವಾಗ ಪ್ಯಾಕೇಜ್ ಬಿಟ್ಟು ಮೂರನ್ನೂ ಬೇರೆ ಮಾಡಿದ ನನ್ನ ಅನುಭವ

ಮನೆ ಬದಲಿಸುವ ಸಮಯದಲ್ಲಿ ಟಿವಿ, ಫೋನ್, ಇಂಟರ್ನೆಟ್ ಮೂರನ್ನೂ ಒಂದೇ ಕಂಪನಿಯ ಪ್ಯಾಕೇಜಿನಲ್ಲಿ ತೆಗೆದುಕೊಳ್ಳದೆ, ಒಂದೊಂದನ್ನೂ ಬೇರೆ ಬೇರೆ ಕಡೆಯಿಂದ ಪಡೆಯುತ್ತೇನೆ ಎಂದಾಗ ಮನೆಯವರಿಂದ ಹಿಡಿದು ಕಚೇರಿಯ ನೆಟ್‌ವರ್ಕ್ ವಿಭಾಗದ ಗೆಳೆಯರವರೆಗೆ ಒಬ್ಬರೂ ಒಪ್ಪಿರಲಿಲ್ಲ. ನಮ್ಮ ಭಾವನವರಂತೂ, "ಮೂರು ಬಿಲ್ಲು, ಮೂರು ಕಸ್ಟಮರ್ ಕೇರ್. ಏನಾದರೂ ಕೆಟ್ಟರೆ ಒಬ್ಬರು ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ, ನೋಡುತ್ತಿರು" ಎಂದು ಖಚಿತವಾಗಿ ಹೇಳಿದ್ದರು. ಈ ವ್ಯವಸ್ಥೆ ಒಂದು ವರ್ಷಕ್ಕೂ ಹೆಚ್ಚು ಕಾಲ ಸುಸೂತ್ರವಾಗಿ ನಡೆದಿದೆ. ತಾವೂ ಮನೆ ಬದಲಿಸಲಿರುವ ಭಾವನವರು ಈಗ ನನ್ನ ಲೆಕ್ಕದ ಹಾಳೆಯನ್ನು ಕೇಳಿ ತರಿಸಿಕೊಂಡಿದ್ದಾರೆ. ಆ ಹಾಳೆಯಲ್ಲಿ ಇಲ್ಲದ ಸಂಗತಿಗಳನ್ನೂ ಸೇರಿಸಿ ಇಲ್ಲಿ ಬರೆಯುತ್ತಿದ್ದೇನೆ. ಅಂಕಿಗಳನ್ನು ಬಹುಮಟ್ಟಿಗೆ ನೆನಪಿನಿಂದ ಕೊಟ್ಟಿದ್ದೇನೆ.

ಮೊದಲು ಹಣದ ವಿಷಯ, ಏಕೆಂದರೆ ಎಲ್ಲರ ಅನುಮಾನವೂ ಅಲ್ಲಿಂದಲೇ ಹುಟ್ಟಿದ್ದು. ದರಗಳು ಊರಿಂದ ಊರಿಗೆ ಬೇರೆಯಾಗುವುದರಿಂದ ಪ್ಯಾಕೇಜಿನ ಪೂರ್ಣ ಮಾಸಿಕ ದರವನ್ನು 100 ಎಂದು ಇಟ್ಟುಕೊಂಡು ಹೇಳುತ್ತೇನೆ. ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿದ್ದ ದರ 60, ಅದೂ ಮೊದಲ 6 ತಿಂಗಳಿಗೆ ಮಾತ್ರ. ಉಳಿದ 18 ತಿಂಗಳು 100. ಸೆಟ್‌ಟಾಪ್ ಬಾಕ್ಸ್ ಮತ್ತು ರೌಟರ್ ಬಾಡಿಗೆ ಪ್ರತಿ ತಿಂಗಳೂ 12, ಅಳವಡಿಕೆಗೆ ಒಮ್ಮೆ 60. ಇವೆಲ್ಲವನ್ನೂ ಕೂಡಿಸಿ 24ರಿಂದ ಭಾಗಿಸಿದರೆ ತಿಂಗಳಿಗೆ 104 ದಾಟುತ್ತದೆ. ನಾನು ಆರಿಸಿದ ದಾರಿಯಲ್ಲಿ ಇಂಟರ್ನೆಟ್‌ಗೆ 52, ಫೋನಿಗೆ 6, ತುರ್ತಿಗೆಂದು ಇಟ್ಟುಕೊಂಡ ಡೇಟಾ ಸಿಮ್‌ಗೆ 5, ಟಿವಿಗೆ ಸರಾಸರಿ 18 ಹಿಡಿಯಿತು. ಸ್ವಂತಕ್ಕೆ ಕೊಂಡ ರೌಟರ್ ಮತ್ತು ಬ್ಯಾಟರಿಯ ಬೆಲೆಯನ್ನು 24 ತಿಂಗಳಿಗೆ ಹಂಚಿದರೆ 5. ಒಟ್ಟು 86. ಮೊದಲ ತಿಂಗಳಲ್ಲಿ "60 ಎಲ್ಲಿ, 86 ಎಲ್ಲಿ" ಎಂದು ಕೇಳಿದವರಿಗೆ ನಾನು ಉತ್ತರ ಕೊಡಲಿಲ್ಲ, 24 ತಿಂಗಳ ಒಟ್ಟು ಮೊತ್ತವನ್ನು ಬರೆದು ತೋರಿಸಿದೆ. ಉಳಿತಾಯ ಆರನೇ ಒಂದು ಭಾಗಕ್ಕಿಂತ ತುಸು ಹೆಚ್ಚು. ಇದಕ್ಕಿಂತಲೂ ನಾನು ಬೆಲೆ ಕೊಡುವುದು ಲಾಕ್-ಇನ್ ಅವಧಿ ಇಲ್ಲದಿರುವುದಕ್ಕೆ. ಅವಧಿಗೆ ಮುನ್ನ ಬಿಟ್ಟರೆ ಉಳಿದ ತಿಂಗಳುಗಳ ಶುಲ್ಕ ಕಟ್ಟಬೇಕೆಂಬ ಷರತ್ತು, ಮತ್ತೆ ಮನೆ ಬದಲಿಸುವ ಸಾಧ್ಯತೆ ಇರುವವರ ಪಾಲಿಗೆ ತಲೆಯ ಮೇಲೆ ತೂಗುವ ಕತ್ತಿಯೇ ಸರಿ.

ಹೊಸ ಮನೆ ಇನ್ನೂ ಖಾಲಿ ಇದ್ದಾಗಲೇ, ಒಂದು ಸಂಜೆ ಏಳರಿಂದ ಒಂಬತ್ತರವರೆಗೆ ಅಲ್ಲಿಯೇ ಕಳೆದೆ. ಹಗಲಿನಲ್ಲಿ ಅಳೆದ ವೇಗಕ್ಕೆ ಅರ್ಥವಿಲ್ಲ, ಎಲ್ಲರೂ ಮನೆ ಸೇರಿದ ಮೇಲೆ ಅಳೆಯಬೇಕು. ಕಂಪನಿಗಳ ಜಾಲತಾಣದಲ್ಲಿ ವಿಳಾಸ ಹಾಕಿದರೆ "ಸೇವೆ ಲಭ್ಯ" ಎಂದು ಬರುತ್ತದೆ, ಆದರೆ ಆ ಮಾತು ಬೀದಿಗೆ ಅನ್ವಯಿಸುತ್ತದೆಯೇ ಹೊರತು ನಮ್ಮ ಮಹಡಿಗಲ್ಲ. ಹಾಗಾಗಿ ಫೋನಿನಲ್ಲಿ ವೈಫೈ ಅನಲೈಸರ್ ಎಂಬ ಆ್ಯಪ್ ತೆರೆದು ಅಕ್ಕಪಕ್ಕದ ವೈಫೈ ಹೆಸರುಗಳನ್ನು ಬರೆದುಕೊಂಡೆ. ಬಹಳಷ್ಟು ಜನ ರೌಟರಿನ ಮೂಲ ಹೆಸರನ್ನು ಬದಲಿಸುವುದೇ ಇಲ್ಲ, ಅದರಲ್ಲಿ ಕಂಪನಿಯ ಹೆಸರೂ ಇರುತ್ತದೆ. ಆ ಕಟ್ಟಡಕ್ಕೆ ನಿಜವಾಗಿ ಯಾರ ಕೇಬಲ್ ಬಂದಿದೆ, ಯಾರಿಗೆ ಗಿರಾಕಿಗಳು ಹೆಚ್ಚು ಎಂಬುದು ಹತ್ತು ನಿಮಿಷದಲ್ಲಿ ತಿಳಿಯಿತು. 2.4 ಗಿಗಾಹರ್ಟ್ಸ್‌ನಲ್ಲಿ (ವೈಫೈ ಬಳಸುವ ತರಂಗಪಟ್ಟಿಗಳಲ್ಲಿ ಒಂದು) ಕಾಲಿಡಲೂ ಜಾಗವಿಲ್ಲ ಎಂಬುದೂ ಅದೇ ಪರದೆಯಲ್ಲಿ ಕಂಡಿತು. ಅನಂತರ ಒಂದೊಂದು ಕೋಣೆಯಲ್ಲಿಯೂ ಮೊಬೈಲ್ ಸಿಗ್ನಲ್ ಅಳೆದೆ. ಕಡ್ಡಿಗಳನ್ನು ಎಣಿಸುವುದರಲ್ಲಿ ಹುರುಳಿಲ್ಲ, ಆರ್‌ಎಸ್‌ಆರ್‌ಪಿ ಅಂಕಿಯನ್ನೇ (ಸಿಗ್ನಲ್ ಬಲದ ಅಳತೆ, ಮೈನಸ್ ನಂತರದ ಸಂಖ್ಯೆ ದೊಡ್ಡದಾದಷ್ಟೂ ಸಿಗ್ನಲ್ ದುರ್ಬಲ) ನೋಡಬೇಕು. ಕಿಟಕಿಯ ಬಳಿ ಮೈನಸ್ 85ರ ಆಸುಪಾಸು ಇದ್ದದ್ದು ಒಳಕೋಣೆಯಲ್ಲಿ ಮೈನಸ್ 112ಕ್ಕೆ ಇಳಿಯಿತು. ಕಿಟಕಿಯ ಗಾಜಿಗೆ ಶಾಖ ತಡೆಯುವ ಲೋಹದ ತೆಳುಲೇಪ ಇದ್ದ ಕಡೆ ಗಾಜು ಮುಚ್ಚಿದರೆ ಒಂದು ಅಂಕಿ, ತೆರೆದರೆ ಬೇರೆಯೇ ಅಂಕಿ. ಒಳಕೋಣೆಯಲ್ಲಿ ಕರೆ ನಿಲ್ಲಬೇಕಾದರೆ ವೈಫೈ ಕಾಲಿಂಗ್ (ಟವರ್ ಬದಲು ವೈಫೈ ಮೂಲಕ ಕರೆ) ಇರುವ ಸಿಮ್ ಬೇಕೇ ಬೇಕು ಎಂಬುದು ಅಲ್ಲಿಯೇ ನಿರ್ಧಾರವಾಯಿತು.

5ಜಿ ಮೂಲಕ ಮನೆಗೆ ಇಂಟರ್ನೆಟ್ ಕೊಡುವ ಸೇವೆಯನ್ನೂ ಪರೀಕ್ಷಿಸಿದೆ. ಮಧ್ಯಾಹ್ನ 250 ಎಂಬಿಪಿಎಸ್ ತೋರಿಸಿದ್ದು ರಾತ್ರಿ ಎಂಟೂವರೆಗೆ 40ರ ಕೆಳಗೆ ಬಂತು. ಅದನ್ನು ಮುಖ್ಯ ಲೈನ್ ಮಾಡಿಕೊಳ್ಳುವ ಯೋಚನೆಯನ್ನು ಅಲ್ಲಿಗೇ ಬಿಟ್ಟೆ, ಆದರೆ ತುರ್ತಿಗೆ ಇದೇ ಸರಿ ಎಂದು ಸಿಮ್ ಇಟ್ಟುಕೊಂಡೆ. ಆ ಸಿಮ್ ನನ್ನ ಇಡೀ ಯೋಜನೆಗೆ ಊರುಗೋಲಾಯಿತು. ಇಂಟರ್ನೆಟ್ ಕಂಪನಿ ಕೊಟ್ಟ ಅಳವಡಿಕೆಯ ದಿನಾಂಕ ಮತ್ತೆ ಮತ್ತೆ ಮುಂದೆ ಹೋಗಿ, ಸಾಮಾನು ಇಳಿಸಿದ ಸುಮಾರು ಎರಡು ವಾರಗಳವರೆಗೆ ಮನೆಗೆ ಲೈನೇ ಬರಲಿಲ್ಲ. ಒಮ್ಮೆ ತಂತ್ರಜ್ಞರು ಬಾಗಿಲವರೆಗೂ ಬಂದು, ಕಟ್ಟಡದ ಕೇಬಲ್ ಪೆಟ್ಟಿಗೆಯ ಬೀಗದ ಕೈ ತಮ್ಮ ಬಳಿ ಇಲ್ಲವೆಂದು ಹಿಂದಿರುಗಿದರು. ಪ್ಯಾಕೇಜ್ ತೆಗೆದುಕೊಂಡಿದ್ದರೆ ಆ ಎರಡು ವಾರ ಟಿವಿಯೂ ಇಲ್ಲ, ಮನೆಯ ಫೋನೂ ಇಲ್ಲ. ಹೀಗೆ ಬೇರೆ ಬೇರೆ ಮಾಡಿದ್ದರಿಂದ ಲೈನ್ ಇಲ್ಲದಿದ್ದರೂ ಆ ಸಿಮ್ ಕೆಲಸ ನಡೆಸಿತು. ಹಳೆಯ ಮನೆಯ ಲೈನನ್ನೂ ಮೊದಲೇ ಕತ್ತರಿಸದೆ ಹೆಚ್ಚುವರಿ ಒಂದು ತಿಂಗಳು ಉಳಿಸಿಕೊಂಡಿದ್ದೆ. ಆ ಒಂದು ತಿಂಗಳ ಬಿಲ್ಲನ್ನು ನಾನು ದಂಡವೆಂದು ಎಣಿಸುವುದಿಲ್ಲ. ತಂತ್ರಜ್ಞರ ಸಮಯವನ್ನು ಗೊತ್ತುಮಾಡುವಾಗ ದಿನದ ಮೊದಲ ಸರದಿಯನ್ನೇ ಕೇಳಿ, ಮಧ್ಯಾಹ್ನದ ಸರದಿಯೆಂದರೆ ಹಿಂದಿನ ಮನೆಗಳ ತಡವೆಲ್ಲ ನಮ್ಮ ಲೆಕ್ಕಕ್ಕೇ ಬರುತ್ತದೆ.

ಕೊನೆಗೂ ಫೈಬರ್ ಬಂದ ದಿನ ಇನ್ನೊಂದು ತೊಡಕು ಎದುರಾಯಿತು. ಓಎನ್‌ಟಿಯಲ್ಲಿ (ಫೈಬರಿನ ಬೆಳಕನ್ನು ಇಂಟರ್ನೆಟ್ ಸಂಕೇತಕ್ಕೆ ಬದಲಿಸುವ ಪೆಟ್ಟಿಗೆ) ಹಸಿರು ದೀಪ ಹತ್ತಿತು, ವೇಗದ ಪರೀಕ್ಷೆಯೂ ಸರಿಯಾಗಿತ್ತು, ತಂತ್ರಜ್ಞರು ಸಹಿ ಕೇಳಿದರು. ನಾನು ಸಹಿ ಮಾಡುವ ಮೊದಲು ಆಪ್ಟಿಕಲ್ ಪವರ್, ಅಂದರೆ ಫೈಬರಿನಲ್ಲಿ ಬರುವ ಬೆಳಕಿನ ಬಲ, ಎಷ್ಟಿದೆ ತೋರಿಸಿ ಎಂದೆ. ಮೈನಸ್ 27ರ ಹತ್ತಿರ ಇತ್ತು. ಮನೆಗಳಿಗೆ ಫೈಬರ್ ಹಂಚುವ ಸಾಮಾನ್ಯ ಜಿಪಾನ್ ಬಗೆಯ ಉಪಕರಣ ಹಿಡಿಯಬಲ್ಲ ಕೊನೆಯ ಅಂಚು ಅದು. ಇಂದು ಓಡುತ್ತದೆ, ನಾಳೆ ಕನೆಕ್ಟರ್ ಮೇಲೆ ಒಂದಿಷ್ಟು ಧೂಳು ಕೂತರೆ ಕೆಂಪು ದೀಪ. ಕೇಬಲ್ ಬಂದ ದಾರಿಯನ್ನು ಬೆರಳಿನಿಂದ ಸವರುತ್ತಾ ಹೋದಾಗ, ಬಾಗಿಲ ಚೌಕಟ್ಟಿನ ಮೂಲೆಯಲ್ಲಿ ಅದನ್ನು ಲಂಬಕೋನಕ್ಕೆ ಮಡಿಸಿ ಮೇಲೊಂದು ಕ್ಲಿಪ್ ಬಿಗಿದಿದ್ದು ಸಿಕ್ಕಿತು. ಒಳಾಂಗಣಕ್ಕೆಂದೇ ಬರುವ, ಬಾಗುವಿಕೆಯನ್ನು ಸಹಿಸುವ ಫೈಬರಿಗೂ ಸುಮಾರು 10 ಮಿಲಿಮೀಟರ್ ತ್ರಿಜ್ಯದ ತಿರುವು ಬೇಕು, ಹಳೆಯ ಬಗೆಯದಾದರೆ 30. ಕ್ಲಿಪ್ ಕಿತ್ತು, ಮೂಲೆಯಲ್ಲಿ ಹೆಬ್ಬೆರಳು ತೂರುವಷ್ಟು ಸಡಿಲ ಬಿಟ್ಟು, ತುದಿಯನ್ನು ಒರೆಸಿ ಮತ್ತೆ ಕೂಡಿಸಿದಾಗ ಮೈನಸ್ 20ಕ್ಕೆ ಬಂತು. ಡೆಸಿಬೆಲ್ ಲೆಕ್ಕದಲ್ಲಿ 7ರ ವ್ಯತ್ಯಾಸವೆಂದರೆ ಬೆಳಕು ಐದು ಪಟ್ಟು ಹೆಚ್ಚು. ತಂತ್ರಜ್ಞರೇ ಆ ಅಂಕಿಯ ಫೋಟೋ ತೆಗೆದುಕೊಂಡು ಹೋದರು ಎಂಬುದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಮನೆಯೊಳಗಿನ ಹಂಚಿಕೆಗೆ ಮೊದಲು ವಿದ್ಯುತ್ ತಂತಿಯ ಮೂಲಕವೇ ಇಂಟರ್ನೆಟ್ ಸಾಗಿಸುವ ಪವರ್‌ಲೈನ್ ಅಡಾಪ್ಟರ್ ಪ್ರಯತ್ನಿಸಿದೆ. ಪೆಟ್ಟಿಗೆಯ ಮೇಲೆ ಸಾವಿರಕ್ಕೂ ಮೀರಿದ ಅಂಕಿ, ಕೈಗೆ ಸಿಕ್ಕಿದ್ದು 60–70 ಎಂಬಿಪಿಎಸ್. ಬಟ್ಟೆ ಒಗೆಯುವ ಯಂತ್ರ ತಿರುಗತೊಡಗಿದರೆ ಅದೂ ಹತ್ತಕ್ಕೆ ಕುಸಿಯುತ್ತಿತ್ತು. ಹಿಂದಿರುಗಿಸುವ ಅವಧಿಯೊಳಗೇ ಅದನ್ನು ಮರಳಿಸಿ ಹಣ ಪಡೆದೆ. ಆಮೇಲೆ ಗೋಡೆಯಲ್ಲಿದ್ದ ಹಳೆಯ ಟೆಲಿಫೋನ್ ಸಾಕೆಟ್ ಬಿಚ್ಚಿದಾಗ ಒಳಗೆ ಎಂಟು ಎಳೆಗಳ ಕೇಬಲ್ ಕಂಡಿತು, ಹೊದಿಕೆಯ ಮೇಲೆ ಕ್ಯಾಟ್ 5ಇ (ನೆಟ್‌ವರ್ಕ್ ಕೇಬಲಿನ ಒಂದು ದರ್ಜೆ) ಎಂಬ ಮುದ್ರೆಯೂ ಇತ್ತು. ಎರಡೇ ಎಳೆಗಳನ್ನು ಫೋನಿಗೆ ಜೋಡಿಸಿ ಉಳಿದ ಆರನ್ನು ಹಿಂದಕ್ಕೆ ಮಡಿಸಿಟ್ಟಿದ್ದರು. ಎರಡೂ ತುದಿಗೆ ಎಂಟೂ ಎಳೆಗಳನ್ನು ಕೂಡಿಸಿ ಹೊಸ ಜಾಕ್ ಹಾಕಿದೆ. ಮನೆಯೊಳಗೆ ಕೋಣೆಯಿಂದ ಕೋಣೆಗೆ ಒಂದು ಗಿಗಾಬಿಟ್ ಪೂರ್ತಿ ಸಿಕ್ಕಿತು. ಹಲವು ಪೆಟ್ಟಿಗೆಗಳಿಂದ ಮನೆಯೆಲ್ಲ ವೈಫೈ ಹರಡುವ ಮೆಶ್ ರೌಟರಿಗೆ ಇಟ್ಟಿದ್ದ ಹಣ ಅಷ್ಟೂ ಉಳಿಯಿತು.

ವೇಗದ ಪ್ಲಾನ್ ವಿಷಯದಲ್ಲಿಯೂ ನನ್ನ ಆಯ್ಕೆಯನ್ನು ಗೆಳೆಯರು ಟೀಕಿಸಿದರು. 300 ಎಂಬಿಪಿಎಸ್ ಪ್ಲಾನ್ ಬಿಟ್ಟು 100 ಎಂಬಿಪಿಎಸ್‌ನದು ತೆಗೆದುಕೊಂಡೆ. 4ಕೆ ಚಿತ್ರಕ್ಕೆ ಬೇಕಾದದ್ದು 15ರಿಂದ 25 ಎಂಬಿಪಿಎಸ್, ಎಚ್‌ಡಿಗೆ ಸುಮಾರು 5. ನಾಲ್ಕು ಜನರ ಮನೆಗೆ ಧಾರಾಳವಾಗಿ ಸಾಕು. ವಿಡಿಯೋ ಕರೆ ತಡವರಿಸುತ್ತಿದ್ದುದಕ್ಕೆ ಕಾರಣ ವೇಗದ ಕೊರತೆಯಾಗಿರಲಿಲ್ಲ. ಫೋಟೋಗಳ ಬ್ಯಾಕಪ್ ಮೇಲೇರುವಾಗ ಪಿಂಗ್ (ಸಂದೇಶ ಹೋಗಿ ಉತ್ತರ ಬರಲು ಹಿಡಿಯುವ ಸಮಯ) 15 ಮಿಲಿಸೆಕೆಂಡಿನಿಂದ 300ಕ್ಕೆ ಜಿಗಿಯುತ್ತಿತ್ತು. ರೌಟರಿನಲ್ಲಿ ಎಸ್‌ಕ್ಯೂಎಂ (ಒಂದು ಕೆಲಸ ಲೈನನ್ನೆಲ್ಲ ತುಂಬಿ ಉಳಿದವನ್ನು ಕಾಯಿಸದಂತೆ ಸರದಿ ನೋಡುವ ಸೌಲಭ್ಯ) ಹಾಕಿ, ಅಪ್‌ಲೋಡ್ ಮಿತಿಯನ್ನು ಲೈನಿನ ನಿಜವಾದ ವೇಗದ ಶೇಕಡಾ 90ರ ಸುತ್ತ ನಿಲ್ಲಿಸಿದಾಗ ಅದೇ ಹೊರೆಯಲ್ಲಿ 30ರ ಒಳಗೆ ಉಳಿಯಿತು. ಕಂಪನಿ ಬಾಡಿಗೆಗೆ ಕೊಡುವ ರೌಟರಿನಲ್ಲಿ ಈ ಸೌಲಭ್ಯ ಇರಲಿಲ್ಲ. ಸ್ವಂತ ರೌಟರಿಗೆ ಖರ್ಚು ಮಾಡಿದ್ದು ಇದಕ್ಕಾಗಿಯೇ.

ಫೋನಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕೆಲಸಗಳ ಕ್ರಮ. ಹಳೆಯ ಸಂಪರ್ಕವನ್ನು ಮೊದಲು ರದ್ದು ಮಾಡಿದರೆ ನಂಬರ್ ಕೈತಪ್ಪಬಹುದು. ಪೋರ್ಟ್ ಮಾಡಲು ಹಳೆಯ ಖಾತೆ ಜೀವಂತವಾಗಿರಬೇಕು. ಹೆಸರು ಮತ್ತು ವಿಳಾಸ ಹಳೆಯ ಬಿಲ್ಲಿನಲ್ಲಿ ಹೇಗಿದೆಯೋ ಅಕ್ಷರಶಃ ಹಾಗೆಯೇ ಅರ್ಜಿಯಲ್ಲಿಯೂ ಇರಬೇಕು. ನನ್ನ ಮೊದಲ ಅರ್ಜಿ ತಿರಸ್ಕೃತವಾಗಿದ್ದು, ಹಳೆಯ ಕಂಪನಿ ತನ್ನ ದಾಖಲೆಯಲ್ಲಿ ನನ್ನ ಇನಿಷಿಯಲ್ ಬಿಟ್ಟಿದ್ದರಿಂದ. ಬ್ಯಾಂಕಿನ ಓಟಿಪಿ ಬರುವ ಮೊಬೈಲ್ ನಂಬರನ್ನು ಈ ಗಡಿಬಿಡಿಯಲ್ಲಿ ಮುಟ್ಟಲೇಬಾರದು, ನಾನು ಮುಟ್ಟಲಿಲ್ಲ. ಮನೆಯ ನಂಬರನ್ನು ಇಂಟರ್ನೆಟ್ ಮೂಲಕ ನಡೆಯುವ ವಾಯ್ಸ್ ಸೇವೆಗೆ ಸಾಗಿಸಿದೆ. ಹಳೆಯ ತಾಮ್ರದ ಲ್ಯಾಂಡ್‌ಲೈನಿಗೆ ಎಕ್ಸ್‌ಚೇಂಜಿನಿಂದಲೇ 48 ವೋಲ್ಟ್ ಬರುತ್ತಿದ್ದುದರಿಂದ ಕರೆಂಟ್ ಹೋದರೂ ಫೋನ್ ಮಾತನಾಡುತ್ತಿತ್ತು. ಫೈಬರಿನಲ್ಲಿ ವಿದ್ಯುತ್ ಹರಿಯುವುದಿಲ್ಲ. ಮನೆಯಲ್ಲಿ ವಯಸ್ಸಾದವರು ಇರುವುದರಿಂದ ಇದನ್ನು ಹಗುರವಾಗಿ ತೆಗೆದುಕೊಳ್ಳಲಿಲ್ಲ. ಓಎನ್‌ಟಿ, ರೌಟರ್, ವಾಯ್ಸ್ ಅಡಾಪ್ಟರ್ ಮೂರೂ 12 ವೋಲ್ಟಿನವಾಗಿದ್ದರಿಂದ ಒಂದೇ ಮಿನಿ ಯುಪಿಎಸ್ ಬ್ಯಾಟರಿಗೆ ಜೋಡಿಸಿದೆ. ಒಟ್ಟು ಹೊರೆ 20 ವ್ಯಾಟಿನ ಒಳಗೆ, ಮೂರು ಗಂಟೆಯಷ್ಟು ನಿಲ್ಲುತ್ತದೆ.

ಟಿವಿಯನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡೆ. ಮೊದಲ ತಿಂಗಳು ಏನನ್ನೂ ಕೊಳ್ಳದೆ, ಮನೆಯವರು ನಿಜವಾಗಿ ಏನು ಕೇಳುತ್ತಾರೆಂದು ಬರೆದಿಟ್ಟೆ. ಪ್ಯಾಕೇಜಿನ ನೂರಾರು ಚಾನೆಲ್‌ಗಳಲ್ಲಿ ಹೆಸರು ಹಿಡಿದು ಕೇಳಿದ್ದು ಹತ್ತನ್ನೂ ಮುಟ್ಟಲಿಲ್ಲ. ಡಿಶ್ ಹಾಕಿಸುವ ಆಲೋಚನೆ ಇತ್ತು. ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ ನಿಲ್ಲುವುದರಿಂದ ಆ ದಿಕ್ಕು ತೆರೆದಿರಬೇಕು, ನಮ್ಮ ಬಾಲ್ಕನಿ ಅದಕ್ಕೆ ಬೆನ್ನು ಹಾಕಿತ್ತು. ಹಾಗಾಗಿ ಉಚಿತ ಚಾನೆಲ್‌ಗಳಿಗೆ ಒಂದು ಸಣ್ಣ ಆಂಟೆನಾ, ಉಳಿದದ್ದಕ್ಕೆ ಸ್ಟ್ರೀಮಿಂಗ್. ಆಂಟೆನಾವನ್ನು ಲೇಪವಿಲ್ಲದ ಗಾಜಿನ ಕಿಟಕಿಗೆ ಸರಿಸಿದ ಮೇಲೆ ಚಿತ್ರ ಒಡೆಯುವುದು ನಿಂತಿತು. ಕುತೂಹಲಕ್ಕೆಂದು ಒಂದೇ ನೇರಪ್ರಸಾರದ ಪಂದ್ಯವನ್ನು ಎರಡೂ ಕಡೆ ಹಾಕಿ ನೋಡಿದೆ; ಸ್ಟ್ರೀಮಿಂಗ್ ಹೆಚ್ಚುಕಡಿಮೆ ಅರ್ಧ ನಿಮಿಷ ಹಿಂದಿತ್ತು. ಪಕ್ಕದ ಮನೆಯ ಕೂಗು ಮೊದಲು, ನಮ್ಮ ವಿಕೆಟ್ ಆಮೇಲೆ. ಪಂದ್ಯಪ್ರಿಯರು ಇದನ್ನು ಗಮನದಲ್ಲಿಟ್ಟು ಆರಿಸಬೇಕು. ಸ್ಟ್ರೀಮಿಂಗ್ ಸೇವೆಗಳನ್ನು ಒಟ್ಟಿಗೆ ಇಟ್ಟುಕೊಳ್ಳದೆ ತಿಂಗಳಿಗೆ ಒಂದರಂತೆ ತಿರುಗಿಸುತ್ತೇನೆ. ಸರಾಸರಿ 18ಕ್ಕೆ ನಿಂತಿರುವುದು ಅದರಿಂದಲೇ.

ಇನ್ನು ಹಳೆಯ ಕಂಪನಿಯಿಂದ ಬಿಡಿಸಿಕೊಳ್ಳುವ ಕೆಲಸ. ನಂಬರ್ ಪೋರ್ಟ್ ಆದೊಡನೆ ಎಲ್ಲವೂ ತಾನಾಗಿ ಮುಗಿಯುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನನ್ನ ಪ್ರಕರಣದಲ್ಲಿ ಫೋನ್ ಮಾತ್ರ ಹೋಯಿತು, ಪ್ಯಾಕೇಜ್ ಒಡೆದ ಕಾರಣಕ್ಕೆ ಉಳಿದ ಎರಡರ ದರ ಏರಿ ಹೊಸ ಬಿಲ್ ಬಂತು. ಲಿಖಿತ ರದ್ದತಿ ಪತ್ರ ಕಳುಹಿಸಿ ಅದಕ್ಕೆ ದೂರು ಸಂಖ್ಯೆ ಪಡೆದಿದ್ದರಿಂದ ಆ ಹೆಚ್ಚುವರಿ ಮೊತ್ತ ಹಿಂದಿರುಗಿತು. ಗಿರಾಕಿಯನ್ನು ಉಳಿಸಿಕೊಳ್ಳುವ ವಿಭಾಗದವರು ಕರೆ ಮಾಡಿದಾಗ ನಾನು ಹೇಳಿದ ಒಂದು ಮಾತಿನಿಂದ ನಿರ್ಗಮನ ಶುಲ್ಕವನ್ನೂ ಬಿಟ್ಟರು. ಆ ಮಾತನ್ನು ಇಲ್ಲಿ ಬರೆಯುವುದಿಲ್ಲ, ಎಲ್ಲರೂ ಹೇಳತೊಡಗಿದರೆ ಅದು ಯಾರಿಗೂ ಉಪಯೋಗಕ್ಕೆ ಬಾರದು. ಬಾಡಿಗೆಯ ಬಾಕ್ಸ್, ರೌಟರ್, ರಿಮೋಟ್, ಅಡಾಪ್ಟರ್ ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿಟ್ಟು, ಸೀರಿಯಲ್ ನಂಬರ್ ಕಾಣುವಂತೆ ಫೋಟೋ ತೆಗೆದು, ಹಿಂದಿರುಗಿಸಿದ ರಸೀದಿಯಲ್ಲಿ ಅದೇ ನಂಬರ್‌ಗಳನ್ನು ಬರೆಸಿಕೊಂಡೆ. ಕೆಲವು ತಿಂಗಳ ಬಳಿಕ ರೌಟರ್ ಬಂದಿಲ್ಲವೆಂದು ಅದರ ಪೂರ್ಣ ಬೆಲೆಯ ಬಿಲ್ ಬಂತು. ರಸೀದಿಯ ಪ್ರತಿಯನ್ನು ಫೋಟೋ ಜೊತೆಗೆ ಕಳುಹಿಸಿದ ವಾರದಲ್ಲಿ ಅದು ರದ್ದಾಯಿತು, ಠೇವಣಿಯೂ ಖಾತೆಗೆ ಜಮಾ ಆಯಿತು.