ಮೊದಲು ಟೈರ್, ಆಮೇಲೆ ಅಲಾಯ್: ನನ್ನ ಸ್ವಿಫ್ಟ್‌ಗೆ ಅಳತೆ ಆರಿಸಿದ ಬಗೆ

ಕಾರಿಗೆ ಅಲಾಯ್ (ಮಿಶ್ರಲೋಹದ ರಿಮ್) ಹಾಕಿಸಲು ಹೊರಟವರು ಮೊದಲು ನೋಡುವುದು ಡಿಸೈನ್. ರಿಮ್ ಇಷ್ಟವಾದ ಮೇಲೆ "ಇದಕ್ಕೆ ಯಾವ ಟೈರ್ ಕೂರುತ್ತೆ?" ಅಂತ ಅಂಗಡಿಯವರನ್ನೇ ಕೇಳುತ್ತಾರೆ. ನಾನು ಬೇಕಂತಲೇ ಉಲ್ಟಾ ಹೋದೆ. ಟೈರಿನ ಅಳತೆ ಮನೆಯಲ್ಲೇ ಲೆಕ್ಕ ಹಾಕಿ ಗಟ್ಟಿ ಮಾಡಿಕೊಂಡೆ, ಆಮೇಲೆ ಆ ಟೈರಿಗೆ ಹೊಂದುವ ರಿಮ್ ಹುಡುಕಿದೆ. ಕಾರನ್ನು ಹೊತ್ತು ನಿಲ್ಲುವುದು, ಬ್ರೇಕ್ ಹಿಡಿದಾಗ ರಸ್ತೆ ಕಚ್ಚುವುದು ಟೈರ್ ಅಲ್ವಾ? ಆಯ್ಕೆ ಅಲ್ಲಿಂದಲೇ ಶುರುವಾಗಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ನನ್ನದು ಎರಡನೇ ತಲೆಮಾರಿನ ಮಾರುತಿ ಸ್ವಿಫ್ಟ್, ವಿಡಿಐ. ಕಂಪನಿಯಿಂದ ಬಂದದ್ದು ಸ್ಟೀಲ್ ರಿಮ್, ಟೈರ್ ಅಳತೆ 165/80 ಆರ್14. ಟೈರಿನ ಪಕ್ಕದಲ್ಲಿ ಉಬ್ಬಕ್ಷರದಲ್ಲಿ ಇರುತ್ತದಲ್ಲ, ಅದೇ. 165 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 80 ಅಂದರೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ಎತ್ತರ ಆ ಅಗಲದ ಶೇ. 80. 14 ಅಂದರೆ ರಿಮ್ ಎಷ್ಟು ಇಂಚು ಅನ್ನುವುದು.

ಇದರಿಂದ ಟೈರಿನ ಒಟ್ಟು ವ್ಯಾಸ ತೆಗೆಯಬೇಕು. 165ರ ಶೇ. 80 ಅಂದರೆ 132 ಮಿಮೀ. ಸೈಡ್‌ವಾಲ್ ಮೇಲೂ ಕೆಳಗೂ ಇರುವುದರಿಂದ ಎರಡು ಪಟ್ಟು, 264. ರಿಮ್ 14 ಇಂಚು, ಇಂಚಿಗೆ 25.4ರಂತೆ 355.6. ಕೂಡಿದರೆ 619.6 ಮಿಮೀ. ಈ ಸಂಖ್ಯೆಯನ್ನು ಮೊಬೈಲಿನಲ್ಲಿ ಬರೆದಿಟ್ಟುಕೊಂಡೆ. ಮುಂದೆ ನೋಡಿದ ಪ್ರತಿ ಟೈರನ್ನೂ ಇದರ ಪಕ್ಕ ಇಟ್ಟೇ ನೋಡಿದೆ.

ಇಷ್ಟು ತಲೆಕೆಡಿಸಿಕೊಳ್ಳಲು ಕಾರಣ ಇದೆ. ಸ್ಪೀಡೋಮೀಟರ್, ಓಡಿದ ಕಿಲೋಮೀಟರ್ ಲೆಕ್ಕ, ಗೇರ್‌ಗಳ ಎಳೆತ ಎಲ್ಲವೂ ಆ ವ್ಯಾಸಕ್ಕೆ ಹೊಂದಿಸಿದವು. ಟೈರ್ ದೊಡ್ಡದಾದರೆ ಮೀಟರ್ ತೋರಿಸುವುದಕ್ಕಿಂತ ಕಾರು ಜೋರಾಗಿ ಓಡುತ್ತಿರುತ್ತದೆ. 205/65 ಆರ್15 ಹಾಕಿದರೆ ವ್ಯಾಸ 647.5 ಮಿಮೀ, ಶೇ. 4.5 ಜಾಸ್ತಿ. ಹಳೆ ಟೈರಿನಲ್ಲಿ ನಿಜವಾಗಿ 100 ಇದ್ದಾಗ ಬರುತ್ತಿದ್ದ ರೀಡಿಂಗ್ ಈಗ 104ರ ಮೇಲೆ ಹೋದಾಗ ಬರುತ್ತದೆ. ಜೊತೆಗೆ ಮಡ್‌ಗಾರ್ಡ್‌ಗೆ ತಾಗುವ ಭಯ. ವ್ಯತ್ಯಾಸ ಶೇ. 3ರ ಒಳಗಿರಲಿ ಅಂತ ಸಾಮಾನ್ಯವಾಗಿ ಹೇಳುತ್ತಾರೆ. ನಾನು ಶೇ. 1 ದಾಟಬಾರದು ಅಂತ ಗೆರೆ ಹಾಕಿಕೊಂಡೆ.

ಅದೇ ಸ್ವಿಫ್ಟ್‌ನ ಮೇಲಿನ ಮಾಡೆಲ್ ಝಡ್‌ಡಿಐಗೆ ಕಂಪನಿಯೇ 15 ಇಂಚಿನ ಅಲಾಯ್ ಕೊಟ್ಟಿತ್ತು, ಟೈರ್ 185/65 ಆರ್15. ಲೆಕ್ಕ ಹಾಕಿದೆ: 621.5 ಮಿಮೀ. ನನ್ನದಕ್ಕಿಂತ ಬರೀ 2 ಮಿಮೀ ಜಾಸ್ತಿ. ಇದಕ್ಕಿಂತ ಒಳ್ಳೆಯ ದಾರಿ ಬೇರೆ ಇಲ್ಲ. ನಿಮ್ಮ ಕಾರಿನ ಮೇಲಿನ ಮಾಡೆಲ್‌ಗೆ ಕಂಪನಿ ಯಾವ ಅಳತೆ ಕೊಟ್ಟಿದೆ ಅಂತ ಮೊದಲು ನೋಡಿ. ಅದೇ ಸಸ್ಪೆನ್ಶನ್ ಮೇಲೆ ಅವರು ಪರೀಕ್ಷೆ ಮಾಡಿಯೇ ಕೊಟ್ಟಿರುತ್ತಾರೆ. ಕಾನೂನಿನ ಕಡೆಯಿಂದಲೂ ನೆಮ್ಮದಿ. ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವಂತೆ ವಾಹನ ಮಾರ್ಪಡಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಹೇಳುತ್ತದೆ.

ಅಳತೆ ಗಟ್ಟಿ ಮಾಡಿಕೊಂಡು ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದೆ. ಒಂದು ಅಂಗಡಿಯಲ್ಲಿ 17 ಇಂಚಿನ ರಿಮ್ ತೋರಿಸಿ, "ಸಾರ್, ಇದು ಹಾಕ್ಸಿ, ಲುಕ್ಕೇ ಬೇರೆ" ಅಂದರು. 205/45 ಆರ್17ರ ವ್ಯಾಸ 616 ಮಿಮೀ ಚಿಲ್ಲರೆ, ಆ ಲೆಕ್ಕದಲ್ಲಿ ತಪ್ಪಿಲ್ಲ. ಆದರೆ ಸೈಡ್‌ವಾಲ್ ಎತ್ತರ 92 ಮಿಮೀ. ನನ್ನ ಹಳೆ ಟೈರಿಗೆ 132 ಇತ್ತು. ಗುಂಡಿಗೆ ಬಿದ್ದಾಗ ರಿಮ್ ಉಳಿಸುವ ರಬ್ಬರ್‌ನಲ್ಲಿ 4 ಸೆಂಟಿಮೀಟರ್ ಹೋಯಿತು. ನಮ್ಮ ರಸ್ತೆಗಳಲ್ಲಿ, ಬಣ್ಣ ಬಳಿಯದ ಹಂಪ್‌ಗಳ ಮೇಲೆ, ಮಳೆಗಾಲದಲ್ಲಿ ನೀರು ತುಂಬಿದ ಗುಂಡಿಗಳಲ್ಲಿ ಆ 4 ಸೆಂಟಿಮೀಟರ್‌ಗೆ ಬಹಳ ಬೆಲೆ ಇದೆ. ಸೈಡ್‌ವಾಲ್ ಉಬ್ಬಿದರೆ ಆ ಟೈರ್ ಎಸೆಯಬೇಕು, ಪಂಕ್ಚರ್ ಹಾಕಿದ ಹಾಗೆ ಸರಿ ಮಾಡಲು ಬರಲ್ಲ. ರಿಮ್ ದೊಡ್ಡದಾದಷ್ಟು ಸಾಮಾನ್ಯವಾಗಿ ತೂಕವೂ ಜಾಸ್ತಿ. ಬೇಡ ಅಂದೆ.

ಇನ್ನೊಂದು ಅಂಗಡಿಯಲ್ಲಿ 15 ಇಂಚಿನ ರಿಮ್ ಚೆನ್ನಾಗಿತ್ತು, ಆದರೆ ಟೈರ್ ಮಾತ್ರ 185/60 ಆರ್15 ಇತ್ತು. ಎಟಿಯೋಸ್‌ಗೆ (ಟೊಯೊಟಾದ ಕಾರು) ಬರುತ್ತಿದ್ದ ಅಳತೆ. "ಐದೇ ಪಾಯಿಂಟ್ ವ್ಯತ್ಯಾಸ ಸಾರ್, ಏನೂ ಗೊತ್ತಾಗಲ್ಲ" ಅಂದರು ಮಾಲೀಕರು. ಅಲ್ಲೇ ನಿಂತು ಲೆಕ್ಕ ಮಾಡಿದೆ. ವ್ಯಾಸ 603 ಮಿಮೀ, ಶೇ. 2.7 ಕಡಿಮೆ. ಅರ್ಧ ಮಾಡಿದರೆ ಕಾರು 8 ಮಿಮೀ ತಗ್ಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಅಳತೆಯ ಪಕ್ಕದಲ್ಲೇ ಇತ್ತು: 84. ಅದು ಲೋಡ್ ಇಂಡೆಕ್ಸ್. 84 ಅಂದರೆ ಒಂದು ಟೈರ್ 500 ಕೆಜಿ ಹೊರುತ್ತದೆ. ನನ್ನ ಹಳೆ ಟೈರಿನ ಮೇಲೆ 85 ಇತ್ತು, ಅಂದರೆ 515 ಕೆಜಿ. ಕಂಪನಿ ಕೊಟ್ಟದ್ದಕ್ಕಿಂತ ಕಡಿಮೆ ಹೊರುವ ಟೈರನ್ನು ಮನೆಮಂದಿ ಕೂರುವ ಕಾರಿಗೆ ನಾನು ಹಾಕಿಸಲ್ಲ. 185/65 ಆರ್15ರಲ್ಲಿ ಇದು 88, ಅಂದರೆ 560 ಕೆಜಿ. ಅದರ ಮುಂದಿನ ಅಕ್ಷರ ವೇಗದ ಮಿತಿ: ಎಸ್ 180, ಟಿ 190, ಎಚ್ 210 ಕಿಮೀ. ಅದೂ ಮೂಲಕ್ಕಿಂತ ಕೆಳಗಿಳಿಯಬಾರದು.

ಈಗ ರಿಮ್. ಜನ ಇಂಚು ಮಾತ್ರ ಕೇಳುತ್ತಾರೆ. ಕೇಳಬೇಕಾದದ್ದು ನಾಲ್ಕು ವಿಷಯ: ಅಗಲ, ಪಿಸಿಡಿ, ಆಫ್‌ಸೆಟ್, ನಡುವಿನ ತೂತು.

ಅಗಲವನ್ನು 5.5ಜೆ, 6ಜೆ ಅಂತ ರಿಮ್ ಮೇಲೆ ಬರೆದಿರುತ್ತಾರೆ. 185/65 ಆರ್15ಕ್ಕೆ 5ರಿಂದ 6.5 ಇಂಚು ಅಗಲದ ರಿಮ್ ಆಗುತ್ತದೆ, 5.5 ಹೇಳಿ ಮಾಡಿಸಿದ್ದು. ನೋಡಲು ದಪ್ಪಗೆ ಕಾಣಲಿ ಅಂತ 7ಜೆ ರಿಮ್‌ಗೆ ಇದೇ ಟೈರ್ ಎಳೆದು ಕೂರಿಸುವವರಿದ್ದಾರೆ. ಆಗ ರಿಮ್ಮಿನ ಅಂಚೇ ಹೊರಗೆ ಬಂದು ಫುಟ್‌ಪಾತ್ ಕಲ್ಲಿಗೆ ಉಜ್ಜುತ್ತದೆ. ನಾನು 6ಜೆ ತೆಗೆದುಕೊಂಡೆ.

ಪಿಸಿಡಿ ಅಂದರೆ ನಟ್ ತೂತುಗಳು ಕೂರುವ ವೃತ್ತದ ವ್ಯಾಸ. ನನ್ನ ಸ್ವಿಫ್ಟ್‌ಗೆ 4 ತೂತು, 100 ಮಿಮೀ. ಫಿಯಟ್ ಪುಂಟೋಗೆ 98, ಫೋರ್ಡ್ ಫಿಗೋಗೆ 108. 98ಕ್ಕೂ 100ಕ್ಕೂ ಕಣ್ಣಿಗೆ ವ್ಯತ್ಯಾಸ ಕಾಣಲ್ಲ. ಒತ್ತಿ ಬಿಗಿದರೆ ಕೂತ ಹಾಗೆ ಇರುತ್ತದೆ, ನಟ್ ಮಾತ್ರ ಓರೆಯಾಗಿ ಎಳೆಯುತ್ತಿರುತ್ತದೆ. ಅಂದಾಜಿಗೆ ಬಿಡುವ ವಿಷಯ ಇದಲ್ಲ.

ಆಫ್‌ಸೆಟ್ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಬಹಳ ಜನ ಎಡವುವುದು ಇಲ್ಲೇ. ರಿಮ್ ಅಗಲದ ನಟ್ಟನಡುವಿನಿಂದ, ಹಬ್‌ಗೆ (ಚಕ್ರ ಕೂರಿಸಿ ನಟ್ ಬಿಗಿಯುವ ಕಾರಿನ ಭಾಗ) ತಾಗುವ ಮೈ ಎಷ್ಟು ಮಿಮೀ ದೂರ ಅನ್ನುವುದೇ ಆಫ್‌ಸೆಟ್. ರಿಮ್ಮಿನ ಹಿಂಬದಿ 'ಇಟಿ' ಅಂತ ಶುರುವಾಗುವ ಸಂಖ್ಯೆ. ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. 5 ಇಂಚು ಅಗಲದ ರಿಮ್ ತೆಗೆದು 6 ಇಂಚಿನದು ಹಾಕಿದಿರಿ ಅಂತಿಟ್ಟುಕೊಳ್ಳಿ. ಆಫ್‌ಸೆಟ್ ಅದೇ ಇದ್ದರೆ ಒಳಗೂ ಹೊರಗೂ 12.7 ಮಿಮೀ ಹೆಚ್ಚಾಗುತ್ತದೆ. ಆಫ್‌ಸೆಟ್ 45ರಿಂದ 38ಕ್ಕೆ ಇಳಿದಿದ್ದರೆ ಹೊರಗೆ ಇನ್ನೂ 7 ಸೇರಿ ಸುಮಾರು 20 ಮಿಮೀ ಆಯಿತು, ಒಳಗೆ 6ಕ್ಕಿಂತ ಕಡಿಮೆ. ಹೊರಗೆ ಜಾಸ್ತಿಯಾದರೆ ಬೇರಿಂಗ್ ಮೇಲೆ ಭಾರ, ಒಳಗೆ ಜಾಸ್ತಿಯಾದರೆ ಸಸ್ಪೆನ್ಶನ್‌ಗೆ ತಾಗುವ ಭಯ. ಹಳೆ ರಿಮ್ ಬಿಚ್ಚಿಸಿ ಹಿಂದಿನ ಸಂಖ್ಯೆಯ ಫೋಟೋ ತೆಗೆದುಕೊಂಡೇ ಅಂಗಡಿಗೆ ಹೋಗಿ.

ನಡುವಿನ ತೂತು ಸ್ವಿಫ್ಟ್ ಹಬ್‌ಗೆ 54.1 ಮಿಮೀ. ಹೊರಗಿನ ಅಲಾಯ್‌ಗಳಲ್ಲಿ ಎಲ್ಲ ಕಾರಿಗೂ ಆಗಲಿ ಅಂತ 73.1 ಇಟ್ಟಿರುವುದು ಸಾಮಾನ್ಯ. ಆ ಸಂದು ತುಂಬಲು ಹಬ್ ರಿಂಗ್ ಬರುತ್ತದೆ. ನಾಲ್ಕು ರಿಂಗ್‌ಗೆ ಜಾಸ್ತಿ ದುಡ್ಡೇನೂ ಆಗಲ್ಲ, ಕೇಳದಿದ್ದರೆ ಹಾಕುವುದೂ ಇಲ್ಲ. ರಿಂಗ್ ಇಲ್ಲದೆ ಚಕ್ರ ಒಂಚೂರು ಓರೆ ಕೂತರೂ ವೇಗದಲ್ಲಿ ಸ್ಟಿಯರಿಂಗ್ ನಡುಗುತ್ತದೆ, ಎಷ್ಟು ಬ್ಯಾಲೆನ್ಸಿಂಗ್ ಮಾಡಿಸಿದರೂ ಹೋಗಲ್ಲ.

ಟೈರ್ ಏರಿಸುವ ಮೊದಲು ತಯಾರಾದ ವಾರ ನೋಡಿದೆ. ಟೈರಿನ ಪಕ್ಕದಲ್ಲಿ 'ಡಿಒಟಿ' ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿಯಲ್ಲಿ ಮೊದಲ ಎರಡು ವಾರ, ಮುಂದಿನ ಎರಡು ವರ್ಷ. 2223 ಅಂದರೆ 2023ರ 22ನೇ ವಾರ.

ಮುಂಭಾಗದ ಒಂದು ಚಕ್ರ ಮಾತ್ರ ಹಾಕಿ, ಉಳಿದದ್ದಕ್ಕೆ ಕೈ ಹಾಕಬೇಡಿ ಅಂತ ಅಂಗಡಿಯ ಹುಡುಗನಿಗೆ ಹೇಳಿದೆ. ಜಾಕ್ ಇಳಿಸಿ, ಸ್ಟಿಯರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ, ಟೈರಿಗೂ ಸ್ಟ್ರಟ್‌ಗೂ (ಸಸ್ಪೆನ್ಶನ್ನಿನ ಕಂಬ) ನಡುವೆ ಬೆರಳು ತೂರಿಸಿ ನೋಡಿದೆ. ಆರಾಮಾಗಿ ಹೋಯಿತು. ಇನ್ನೊಂದು ಕಡೆಗೂ ತಿರುಗಿಸಿ ಪ್ಲಾಸ್ಟಿಕ್ ಲೈನರ್ ನೋಡಿದೆ. ನಾಲ್ಕೂ ಹಾಕಿದ ಮೇಲೆ ಮಕ್ಕಳ ಆಟದ ಕ್ಲೇ ಚಿಕ್ಕ ಉಂಡೆ ಮಾಡಿ ಮಡ್‌ಗಾರ್ಡ್ ಒಳಗೆ ಅಂಟಿಸಿ, ಐದು ಜನ ಕೂತು ಹಂಪ್ ಹಾರಿಸಿದೆವು. ಉಂಡೆಗಳ ಮೇಲೆ ಟೈರ್ ಉಜ್ಜಿದ ಗುರುತಿರಲಿಲ್ಲ. ಆಮೇಲೆ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್. ಒಂದಷ್ಟು ಓಡಿಸಿದ ಮೇಲೆ ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಇನ್ನೊಮ್ಮೆ ಬಿಗಿಸಿದೆ, ಹೊಸ ಅಲಾಯ್‌ನಲ್ಲಿ ಅವು ಸ್ವಲ್ಪ ಸಡಿಲವಾಗುವುದುಂಟು.

ಸ್ಟೆಪ್ನಿ ಹಳೆಯ 14 ಇಂಚಿನದ್ದೇ ಇದೆ. ವ್ಯಾಸದಲ್ಲಿ 2 ಮಿಮೀ ವ್ಯತ್ಯಾಸ ಅಷ್ಟೇ ಆದ್ದರಿಂದ ಪಂಕ್ಚರ್ ಅಂಗಡಿವರೆಗೆ ಧೈರ್ಯವಾಗಿ ಹೋಗಬಹುದು. ಆದರೆ ಅಲಾಯ್‌ಗೆ ಬಂದ ನಟ್ ಬೇರೆ, ಅದಕ್ಕೇ ಸ್ಟೀಲ್ ರಿಮ್ಮಿನ ನಾಲ್ಕು ನಟ್‌ಗಳನ್ನು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲಿ ಜಾಕ್ ಪಕ್ಕ ಇಟ್ಟಿದ್ದೇನೆ. ಅಲಾಯ್ ಬಿಲ್ಲನ್ನು ಇನ್ಶೂರೆನ್ಸ್‌ನವರಿಗೆ ಕಳಿಸಿ, ಪಾಲಿಸಿಯಲ್ಲಿ ಸೇರಿಸಿಕೊಳ್ಳಿ ಅಂತ ಬರೆದು ಕೇಳಿದೆ. ಸ್ವಲ್ಪ ಪ್ರೀಮಿಯಂ ಜಾಸ್ತಿಯಾಯಿತು, ಈಗ ಪಾಲಿಸಿಯಲ್ಲಿ ಅವುಗಳ ಹೆಸರೂ ಬೆಲೆಯೂ ಇದೆ.