ಹದಿಮೂರು ಹಳೇ ಗಾಡಿ, ಜನವರಿ ಚಳಿ, ಲಕ್ಕವಳ್ಳಿ ದಾರಿ: ನನ್ನ ಅನುಭವ

ಹದಿಮೂರು ಗಾಡಿ ಹೋದವು, ಹದಿಮೂರೂ ತಮ್ಮ ಚಕ್ರದ ಮೇಲೇ ವಾಪಸ್ ಬಂದವು. ಜಾವಾ, ಯೆಜ್ಡಿ ಅಂದರೆ ಪೆಟ್ರೋಲ್‌ಗೆ ಆಯಿಲ್ ಬೆರೆಸಿ ಓಡಿಸುವ ಹಳೇ ಟೂ-ಸ್ಟ್ರೋಕ್ ಬೈಕ್. ಅವನ್ನು ಇಟ್ಟುಕೊಂಡವರಿಗೆ ಈ ಮಾತಿನ ತೂಕ ಗೊತ್ತು. ಮೈಸೂರಿನಿಂದ ಚಿಕ್ಕಮಗಳೂರು ಜಿಲ್ಲೆಯ ಲಕ್ಕವಳ್ಳಿಗೆ ಹೋಗಿ ಬರಲು ಹತ್ತಿರ ಹತ್ತಿರ 500 ಕಿಲೋಮೀಟರ್. ಜನವರಿ ಕೊನೆಯ ವಾರ, ನಮ್ಮ ಸೀಸನ್ನಿನ ಕೊನೆಯ ರೈಡ್. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಆಮೇಲಿನ ಬಿಸಿಲಲ್ಲಿ ಈ ಇಂಜಿನ್‌ಗಳನ್ನು ದೂರ ಓಡಿಸಲು ನನಗೆ ಮನಸ್ಸು ಬರುವುದಿಲ್ಲ.

ಬೆಳಗಿನ ಜಾವ ಐದಕ್ಕೆ ಹೊರಡಬೇಕು, ಎಲ್ಲಕ್ಕಿಂತ ನಿಧಾನದ ಗಾಡಿ ಎಲ್ಲರಿಗಿಂತ ಮುಂದೆ ಇರಬೇಕು. ನಾನು ಕೇಳಿದ್ದು ಇಷ್ಟೇ. ಯಾರೂ ಒಪ್ಪಿರಲಿಲ್ಲ. "ಆ 6 ವೋಲ್ಟ್ ದೀಪ ಇಟ್ಕೊಂಡು ಮಂಜಲ್ಲಿ ಎಲ್ಲಿಗೆ ಹೋಗೋದಣ್ಣ?" ಅಂತ ಒಬ್ಬ. ನಮ್ಮ ಗುಂಪಿನ ಹಿರಿಯರೊಬ್ಬರಿದ್ದಾರೆ. 1996ರಲ್ಲಿ ಮುಚ್ಚುವವರೆಗೂ ಮೈಸೂರಿನ ಐಡಿಯಲ್ ಜಾವಾ ಫ್ಯಾಕ್ಟರಿಯಲ್ಲೇ ಕೆಲಸ ಮಾಡಿದವರು. ಅವರೂ ತಲೆ ಅಲ್ಲಾಡಿಸಿದರು. "ಚಳೀಲಿ ಎಳೆದ್ರೆ ಜಾಮ್ ಆಗ್ತದೆ ಕಣಪ್ಪ."

ಅವರು ಹೇಳಿದ್ದು ಸುಳ್ಳಾಗಲಿಲ್ಲ. ಮೂರು ವರ್ಷದ ಹಿಂದೆ ಮೊದಲ ಸಲ ಹೊರಟಾಗ ನನ್ನ ಯೆಜ್ಡಿ ರೋಡ್‌ಕಿಂಗ್ ಮುಂದಿತ್ತು. ಎರಡು ನಿಮಿಷ ಐಡಲ್‌ನಲ್ಲಿ ಬಿಟ್ಟು, ರಿಂಗ್ ರೋಡ್ ಸಿಕ್ಕ ಕೂಡಲೇ ಎಂಬತ್ತಕ್ಕೆ ಎಳೆದೆ. ಇಲವಾಲ ಇನ್ನೂ ಬಂದಿರಲಿಲ್ಲ. ಹಿಂದಿನ ಚಕ್ರ ಕಿರ್ ಎಂದು ನಿಂತುಬಿಟ್ಟಿತು. ಪುಣ್ಯಕ್ಕೆ ಕ್ಲಚ್ ಮೇಲೆ ಬೆರಳಿತ್ತು. ಪಿಸ್ಟನ್ ಬೇಗ ಕಾದು ಹಿಗ್ಗಿತ್ತು, ಬೀಡು ಕಬ್ಬಿಣದ ಸಿಲಿಂಡರ್ ಇನ್ನೂ ತಣ್ಣಗಿತ್ತು. ಸಿಲಿಂಡರ್‌ಗೆ ಬೋರ್ ಹೊಡೆಸಿ, ಪಿಸ್ಟನ್ ಕಿಟ್ ಹಾಕಿಸಿ, ಕೂಲಿ ಸೇರಿ ಸುಮಾರು 7,000 ರೂಪಾಯಿ ಹೋಯಿತು. ಉಳಿದವರು ಹಾಸನದವರೆಗೆ ಹೋಗಿ ತಿರುಗಿ ಬಂದರು.

ಮರುವರ್ಷ ಎಲ್ಲರೂ ಸೇರಿ ನನ್ನ ಬಾಯಿ ಮುಚ್ಚಿಸಿದರು. ಬಿಸಿಲೇರಿದ ಮೇಲೆ, ಒಂಬತ್ತಕ್ಕೆ ಹೊರಟೆವು. ಅದು ಇನ್ನೂ ಕೆಟ್ಟದಾಯಿತು. ಜೋರಿನ ಗಾಡಿಯವರು ಬೇಲೂರು ಮುಟ್ಟಿ ಊಟಕ್ಕೆ ಕೂತಿದ್ದರು. ಹಿಂದುಳಿದ ನಾಲ್ವರು ಹೊಳೆನರಸೀಪುರದಲ್ಲಿ ದಾರಿ ತಪ್ಪಿ ಅರಕಲಗೂಡಿನ ಕಡೆ ಹೋಗಿದ್ದರು. ಹಿಂದುಳಿದವರು ಮುಂದಿನವರನ್ನು ಹಿಡಿಯಲು ಎಳೆಯುತ್ತಾರೆ, ಎಳೆದಾಗ ಗಾಡಿ ಬಿಸಿಯಾಗುತ್ತದೆ. ಮಧ್ಯಾಹ್ನ ಒಂದರ ಹೊತ್ತಿಗೆ ಎರಡು ಗಾಡಿ ಜಾಮ್, ಒಂದರ ಕ್ಲಚ್ ಪ್ಲೇಟ್ ಸುಟ್ಟಿತ್ತು. ಮೂರನ್ನೂ ಟೆಂಪೋದಲ್ಲಿ ಮೈಸೂರಿಗೆ ತಂದೆವು. ಬಾಡಿಗೆ 9,000. ಆ ದುಡ್ಡಿಗೆ ಎರಡು ರೈಡ್ ಮಾಡಬಹುದಿತ್ತು. ನನಗೆ ಇವತ್ತಿಗೂ ಅದು ಹೊಟ್ಟೆ ಉರಿಯುವ ಲೆಕ್ಕ.

ಈ ಸಲ ನಾನು ಹಟ ಹಿಡಿದೆ. ನನ್ನ ಮಾತು ನಡೆದರೆ ಮಾತ್ರ ಬರುತ್ತೇನೆ ಅಂದೆ.

ಎಲ್ಲಕ್ಕಿಂತ ಮುಂದೆ ಅರವತ್ತರ ದಶಕದ ಜಾವಾ 250. ಅದನ್ನು ಓಡಿಸುವವರು ನಿವೃತ್ತ ಮೇಷ್ಟ್ರು, ಐವತ್ತೈದು ದಾಟಿದರೆ ಅವರಿಗೇ ಸರಿಬರುವುದಿಲ್ಲ. ಅವರ ಹಿಂದೆ ನಿಧಾನದಿಂದ ಜೋರಿನ ಕಡೆಗೆ ಸಾಲು. ಕೊನೆಯಲ್ಲಿ ನಾನು, ಟೂಲ್ ಚೀಲದ ಸಮೇತ. ಮೊದಲ ಆರು ಕಿಲೋಮೀಟರ್ ನಲವತ್ತು ದಾಟಬಾರದು ಅಂತ ಮೇಷ್ಟ್ರಿಗೆ ಹೇಳಿದ್ದೆ. ಅವರು ದಾಟುವವರೇ ಅಲ್ಲ, ಹಾಗಾಗಿ ಹಿಂದಿನ ಹನ್ನೆರಡು ಜನಕ್ಕೂ ಬೇರೆ ದಾರಿ ಇರಲಿಲ್ಲ. ಚಳಿಯ ಜಾಮ್ ತಪ್ಪಿದ್ದು ಹೀಗೆ. ಹಿಂದುಳಿದವರೇ ಇಲ್ಲದ ಮೇಲೆ ಹಿಡಿಯಲು ಎಳೆಯುವ ಮಾತೂ ಇಲ್ಲ, ಅಲ್ವಾ? ಸುಮಾರು 45 ಕಿಲೋಮೀಟರಿಗೆ ಒಂದು ನಿಲುಗಡೆ, ಹನ್ನೆರಡು ನಿಮಿಷ, ಇಂಜಿನ್ ಬಂದ್. ತಿರುವು ಬಂದಾಗ ಮೇಷ್ಟ್ರ ಹಿಂದಿನವನು ಅಲ್ಲೇ ನಿಂತು ಎಲ್ಲರಿಗೂ ದಾರಿ ತೋರಿಸಬೇಕು. ನಾನು ಕಂಡ ಮೇಲೆ ನನ್ನ ಮುಂದೆ ಸೇರಿಕೊಂಡು, ಮುಂದಿನ ನಿಲುಗಡೆಯಲ್ಲಿ ತನ್ನ ಜಾಗಕ್ಕೆ ಹೋಗಬೇಕು. ಯಾರೂ ಕಳೆದುಹೋಗಲಿಲ್ಲ.

ದೀಪದ ಚಿಂತೆಗೆ 40 ರೂಪಾಯಿಯ ರೇಡಿಯಂ ಸ್ಟಿಕ್ಕರ್ ಸಾಕಾಯಿತು. ಪ್ರತಿ ಗಾಡಿಯ ಹಿಂದಿನ ಮಡ್‌ಗಾರ್ಡಿಗೆ ದಪ್ಪ ಪಟ್ಟಿ ಅಂಟಿಸಿದೆ. ಮೇಷ್ಟ್ರಿಗೆ ಮಾತ್ರ ಹ್ಯಾಂಡಲ್‌ಗೆ ಬ್ಯಾಟರಿ ಲೈಟ್ ಕಟ್ಟಿದೆ. ಕೆ.ಆರ್. ನಗರದ ಕಡೆ ಕಬ್ಬಿನ ಟ್ರ್ಯಾಕ್ಟರ್‌ಗಳು ಹಿಂದೆ ದೀಪವಿಲ್ಲದೆ ಹೋಗುತ್ತಿರುತ್ತವೆ. ಮಂಜಲ್ಲಿ ಮೊದಲು ಕಾಣುವುದು ತೂಗುವ ಕಬ್ಬಿನ ಸೋಗೆ. ಐವತ್ತರಲ್ಲಿ ಇದ್ದಿದ್ದಕ್ಕೆ ಎರಡು ಸಲ ಉಳಿದೆವು. ಹೇಮಾವತಿ ಸೇತುವೆ ಹತ್ತಿರ ಮುಂದಿನ ಗಾಡಿಯ ಹೊಗೆಯ ವಾಸನೆ ಬರುತ್ತಿತ್ತು, ಗಾಡಿ ಕಾಣುತ್ತಿರಲಿಲ್ಲ.

ಕೈ ಮರಗಟ್ಟುವುದು ಎಲ್ಲಕ್ಕಿಂತ ದೊಡ್ಡ ಕಷ್ಟ. ಕ್ಲಚ್ ಹಿಡಿಯಲು ಬೆರಳೇ ಮಾತು ಕೇಳುವುದಿಲ್ಲ. ಹಿಂದೆ 2,200 ಕೊಟ್ಟು ಚರ್ಮದ ಗ್ಲೌಸ್ ತಂದಿದ್ದೆ. ಇಬ್ಬನಿಯಲ್ಲಿ ನೆನೆದ ಮೇಲೆ ಅದು ಇದ್ದೂ ಇಲ್ಲದ ಹಾಗೆ. ಈ ಸಲ ಸೀಟ್ ಕವರ್ ಹೊಲಿಯುವವರ ಹತ್ತಿರ ರೆಕ್ಸಿನ್‌ನಲ್ಲಿ ಹಿಡಿಕೆಗೆ ಚೀಲ ಹೊಲಿಸಿದೆ. ಒಳಗೆ ಹಳೇ ಕಂಬಳಿ ತುಂಡು. ಜೋಡಿಗೆ 180 ರೂಪಾಯಿ. ಕೈ ಅದರೊಳಗೆ ತೂರಿಸಿದರೆ ಲಿವರ್ ಸಮೇತ ಬೆಚ್ಚಗೆ. ಚೀಲದ ಬಾಯಿ ಅಗಲ ಇರಬೇಕು, ಬಿದ್ದರೆ ಕೈ ತಕ್ಷಣ ಹೊರಗೆ ಬರಬೇಕು. ಎದೆಗೆ ಜಾಕೆಟ್ ಒಳಗೆ ನಾಲ್ಕು ಮಡಿಕೆ ನ್ಯೂಸ್‌ಪೇಪರ್. ಅದಕ್ಕಿಂತ ಒಳ್ಳೆಯದನ್ನು ನಾನು ಇನ್ನೂ ನೋಡಿಲ್ಲ.

ಬೆಳಿಗ್ಗೆ ಸ್ಟಾರ್ಟ್ ಮಾಡುವುದರಲ್ಲಿ ನನ್ನದೊಂದು ಅಳತೆ ಇದೆ. ಕಾರ್ಬೊರೇಟರಿಗೆ ಪೆಟ್ರೋಲ್ ತುಂಬಿಸುವ ಗುಂಡಿ, ಅಂದರೆ ಟಿಕ್ಲರ್, ಎಷ್ಟು ಹೊತ್ತು ಒತ್ತಬೇಕು, ಕಾರ್ಬೊರೇಟರ್ ಸೂಜಿ ಎಷ್ಟನೇ ಕಚ್ಚಿನಲ್ಲಿ ಕೂರಬೇಕು ಅನ್ನೋದು. ಅದನ್ನು ಇಲ್ಲಿ ಬರೆಯುವುದಿಲ್ಲ. ತಣ್ಣನೆ ಗಾಳಿ ದಪ್ಪ, ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು ಅಂತ ಮಾತ್ರ ಹೇಳುತ್ತೇನೆ. ಹದಿಮೂರರಲ್ಲಿ ಹನ್ನೊಂದು ಗಾಡಿ ಮೂರು ಕಿಕ್ ಒಳಗೆ ಎದ್ದವು. ಆಯಿಲ್‌ಗೆ ಮಾತ್ರ ಗುಟ್ಟೇನಿಲ್ಲ. 5 ಲೀಟರ್ ಪೆಟ್ರೋಲ್‌ಗೆ 200 ಎಂಎಲ್, ಮನೆಯಲ್ಲೇ ಸಣ್ಣ ಬಾಟಲಿಗಳಿಗೆ ಅಳೆದು ತುಂಬಿಸಿದ್ದು. ಬಂಕ್‌ನಲ್ಲಿ ಯಾರೂ ಕಣ್ಣಂದಾಜಿಗೆ ಸುರಿಯುವಂತಿಲ್ಲ.

ಹೊರಡುವ ಎರಡು ವಾರ ಮೊದಲು ಇನ್ನೊಂದು ಪ್ರಯೋಗ ಮಾಡಿದ್ದೆ. ಸಿಲಿಂಡರ್ ಮುಂದೆ ಅರ್ಧ ರಟ್ಟು ಕಟ್ಟಿ ಓಡಿಸಿದೆ, ಬೇಗ ಬಿಸಿಯಾಗಲಿ ಅಂತ. ಬೇಗ ಬಿಸಿಯಾಯಿತು, ಆದರೆ ರಟ್ಟು ತೆಗೆಯುವುದು ಮರೆತರೆ ಗಾಡಿಯೇ ಹೋಗುತ್ತದೆ. ಹದಿಮೂರು ಜನ ನೆನಪಿಟ್ಟು ತೆಗೆಯುತ್ತಾರೆ ಅನ್ನುವ ನಂಬಿಕೆ ಬರಲಿಲ್ಲ, ಕೈಬಿಟ್ಟೆ.

ಹಾಸನ ಮುಟ್ಟಿದಾಗ ಏಳೂಮುಕ್ಕಾಲು ಇರಬೇಕು. ಆಮೇಲೆ ಇಳಿಬಿಸಿಲಿನಂಥ ಎಳೆ ಬಿಸಿಲು, ಕುಯ್ಲು ಮುಗಿದ ಗದ್ದೆಯ ಕೂಳೆ, ರಸ್ತೆ ಮೇಲೆ ಹರಡಿದ ಹುರುಳಿ, ರಾಗಿ ಹುಲ್ಲು. ಕಾರಿನವರಿಗೆ ಅದು ಅಡಿಗೆ ಸಿಕ್ಕಿಕೊಂಡು ಬೆಂಕಿ ಹತ್ತುವ ಭಯ. ನಮಗೆ ಜಾರುಬಂಡೆ. ಅದರ ಮೇಲೆ ಕಾದ ಸೈಲೆನ್ಸರ್ ಇಟ್ಟು ನಿಲ್ಲಿಸಲೂಬಾರದು. ಬೇಲೂರು ದಾಟಿದರೆ ತೋಟಗಳು, ಮನೆ ಮುಂದಿನ ಕಣದಲ್ಲಿ ಒಣಗುವ ಕಾಫಿ. ಚಿಕ್ಕಮಗಳೂರಿನಲ್ಲಿ ಹತ್ತಕ್ಕೆ ತಿಂಡಿ. ಅಲ್ಲಿವರೆಗೆ ಒಂದೇ ಒಂದು ರಿಪೇರಿ, ಕಿಡಿ ಹೊತ್ತಿಸುವ ಕಾಂಟ್ಯಾಕ್ಟ್ ಪಾಯಿಂಟ್ ಉಜ್ಜಿದ್ದು.

ಲಿಂಗದಹಳ್ಳಿಯಿಂದ ನಾವು ಮೂವರು ಮಾತ್ರ ಕೆಮ್ಮಣ್ಣುಗುಂಡಿಗೆ ಹತ್ತಿದೆವು, ಗಾಡಿ ತಡೆಯುತ್ತದೆಯೋ ನೋಡಲು. ಹತ್ತಿದ್ದು ಸುಲಭ, ಭಯ ಇರುವುದು ಇಳಿಯುವಾಗ. ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿದರೆ ಪೆಟ್ರೋಲ್ ಜೊತೆ ಬರುವ ಆಯಿಲ್ ಕೂಡ ನಿಲ್ಲುತ್ತದೆ, ಇಂಜಿನ್ ಒಣಗುತ್ತದೆ. ಆಗಾಗ ಕ್ಲಚ್ ಹಿಡಿದು ಒಂದು ಸಲ ರೇಸ್ ಕೊಡುತ್ತಾ ಇಳಿದೆವು. ಮೂರೂ ಸರಿಯಿದ್ದವು. ಹದಿಮೂರನ್ನೂ ಅಲ್ಲಿಗೆ ಕರೆದೊಯ್ಯುವ ಧೈರ್ಯ ಇನ್ನೂ ಇಲ್ಲ.

ಲಕ್ಕವಳ್ಳಿ ಕಡೆ ತೇಗದ ಮರಗಳು ಬೋಳಾಗಿದ್ದವು. ಊಟದೆಲೆಯಷ್ಟು ದೊಡ್ಡ ಎಲೆಗಳು ರಸ್ತೆ ತುಂಬಾ. ಮಧ್ಯಾಹ್ನ ಅವು ಚರಚರ ಅನ್ನುತ್ತಿದ್ದವು. ಮರುದಿನ ಜಾವದಲ್ಲಿ ಇಬ್ಬನಿ ಕುಡಿದು ಸೋಪಿನ ಹಾಗೆ ಆಗಿದ್ದವು. ಕಾಡಿನ ತಿರುವುಗಳಲ್ಲಿ ಮೇಷ್ಟ್ರು ಮೂವತ್ತಕ್ಕೆ ಇಳಿಸಿದರು, ಮುಂದಿನ ಬ್ರೇಕ್ ಮುಟ್ಟಲೇ ಇಲ್ಲ. ಜೋರಿನ ಹುಡುಗರು ಯಾರೂ ಗೊಣಗಲಿಲ್ಲ. ಮೈಸೂರಿನಿಂದ ಹೊರಟಾಗ ಇದೇ ಹುಡುಗರು ಹಾರ್ನ್ ಹೊಡೆದು ಹೊಡೆದು ಸುಸ್ತಾಗಿದ್ದರು.

ಖರ್ಚು ತಲೆಗೆ 3,500ದ ಆಸುಪಾಸು. ಪೆಟ್ರೋಲ್ 17 ಲೀಟರ್, ಆಯಿಲ್‌ಗೆ 300, ಉಳಿದದ್ದು ರೂಮು, ಊಟ. ಟೆಂಪೋದವರಿಗೆ ಮೊದಲೇ 1,000 ಮುಂಗಡ ಕೊಟ್ಟು, ಕರೆದರೆ ಬರಬೇಕು ಅಂತ ಹೇಳಿಟ್ಟಿದ್ದೆ. ವಾಪಸ್ ಬರುವಾಗ ಹೊಳೆನರಸೀಪುರ ದಾಟಿ ನಿಂತಾಗ ಫೋನ್ ಮಾಡಿದೆ. ಬರೋದು ಬೇಡ, ಮುಂಗಡ ನೀವೇ ಇಟ್ಟುಕೊಳ್ಳಿ ಅಂದೆ. ಪಕ್ಕದಲ್ಲಿ ನಿಂತಿದ್ದ ಫ್ಯಾಕ್ಟರಿ ಹಿರಿಯರು ತಮ್ಮ ಗ್ಲೌಸ್ ಬಿಚ್ಚಿ, ನನ್ನ ಹಿಡಿಕೆ ಚೀಲದೊಳಗೆ ಕೈ ತೂರಿಸಿ ನೋಡಿದರು. "ಎಲ್ಲಿ ಹೊಲಿಸಿದೆಯಪ್ಪ ಇದನ್ನ?" ಅಂತ ಕೇಳಿದರು.